ಎಡಸೀಟಿನ ಮುಂದಿನ ಬಸವಣ್ಣ

ಕೊಟ್ಟೂರಿನ ಉಜ್ಜಿನಿ ರಸ್ತೆಯಲ್ಲಿ ವೈರಿಂಗ್ ಕೊಟ್ರಬಸಪ್ಪ ಎಂದರೆ ಲಾರಿಯವರಿಗಷ್ಟೇ ಅಲ್ಲ, ಪೊಲೀಸರಿಗೂ ಗೊತ್ತು. ಅದಿರು ಲಾರಿಗಳ ಹಾರ್ನು, ಹೆಡ್‌ಲೈಟು ರಿಪೇರಿ ಮಾಡುತ್ತ ಕೈ ಪಳಗಿಸಿಕೊಂಡವನು. ತೊಂಬತ್ತರ ದಶಕದಲ್ಲಿ ಒಮ್ಮೆ ಪೊಲೀಸ್ ಜೀಪೊಂದು ಸೈರನ್ ನಿಲ್ಲಿಸಲಾಗದೆ ಸಂತೆಯ ತುಂಬ ಕೂಗಿಕೊಂಡು ಬಂದಾಗ, ಇವನು ಒಂದು ತಂತಿ ಕಿತ್ತು ಅದರ ಬಾಯಿ ಮುಚ್ಚಿಸಿದ. ಆಮೇಲೆ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಲ್ಲಿಯ ಪೊಲೀಸ್ ಗಾಡಿಗೆ ವೈರ್‌ಲೆಸ್ ಕೂರಿಸಬೇಕಾದರೂ, ನೆತ್ತಿಯ ದೀಪ ಉರಿಯಬೇಕಾದರೂ ಕೊಟ್ರಬಸಪ್ಪನಿಗೇ ಕರೆ.

ಕೆಲಸಗಾರ ಒಳ್ಳೆಯವನೇ. ಜಂಬ ಮಾತ್ರ ಕೆಲಸಕ್ಕಿಂತ ಒಂದು ಗುಲಗಂಜಿ ಹೆಚ್ಚು. "ನಾ ಎಳೆದ ವೈರು ಸುಟ್ಟದ್ದು ತೋರ್ಸ್ರಿ, ಮೀಸಿ ಬೋಳಿಸ್ಕೊಂತೀನಿ" ಎನ್ನುತ್ತಿದ್ದ. ಕೆಲಸ ಮುಗಿದ ಮೇಲೆ ಅವನದೊಂದು ಪದ್ಧತಿಯಿತ್ತು. ಎಡಸೀಟಿನಲ್ಲಿ ಕೂರುವ ಸಾಹೇಬರ ಎದುರಿಗೆ, ಡ್ಯಾಶ್‌ಬೋರ್ಡಿನ ಮೇಲೆ, ಮುಷ್ಟಿಗಾತ್ರದ ಹಿತ್ತಾಳೆ ಬಸವಣ್ಣನನ್ನು ಸ್ಕ್ರೂ ಬಿಗಿದು ಕೂರಿಸುವುದು. ಅದು ಅವನ ಸ್ವಂತ ಕಾಣಿಕೆ. ಅದರಲ್ಲಿ ಭಕ್ತಿ ಇತ್ತು, ಇಲ್ಲವೆನ್ನಲಾಗದು. ಇದು ಕೊಟ್ರಬಸಪ್ಪನ ಕೈ ಬಿದ್ದ ಗಾಡಿ ಎಂದು ಸುತ್ತಲ ತಾಲೂಕಿನವರು ಗುರುತು ಹಿಡಿಯಲಿ ಎಂಬ ಆಸೆಯೂ ಅಷ್ಟೇ ಇತ್ತು.

ಎರಡು ಸಾವಿರದ ಎಂಟರಲ್ಲಿ ಹೆದ್ದಾರಿ ಗಸ್ತಿಗೆಂದು ಹೊಸ ನಮೂನೆಯ ಗಾಡಿ ಬಂತು. ಅದನ್ನು ಅಂಗಡಿಗೆ ತಂದವನು ಪ್ರವೀಣಕುಮಾರ್, ಆಗಷ್ಟೇ ಕೆಲಸಕ್ಕೆ ಸೇರಿದ ಪೊಲೀಸ್ ಡ್ರೈವರ್, ತಗ್ಗಿದ ದನಿಯವನು. ಕೊಟ್ರಬಸಪ್ಪ ವೈರ್‌ಲೆಸ್ ಪೆಟ್ಟಿಗೆಯನ್ನು ನಡುವೆ, ಗೇರಿನ ಮುಂದೆ, ಒಪ್ಪವಾಗಿ ಕೂರಿಸಿದ. ಬಸವಣ್ಣನಿಗೆ ತೂತು ಕೊರೆಯಲು ಡ್ರಿಲ್ ಎತ್ತಿದಾಗ ಪ್ರವೀಣಕುಮಾರ್ ಹತ್ತಿರ ಬಂದ.

"ಅಣ್ಣಾ, ಅಲ್ಲಿ ಏನೂ ಹಚ್ಚಬ್ಯಾಡ್ರಿ ಅಂದಾರ ಶೋರೂಮಿನಾಗ. ಆ ಮುಚ್ಚಳದ ಕೆಳಗ ಗಾಳಿ ಚೀಲ ಐತಂತ. ಗಾಡಿ ಡಿಕ್ಕಿ ಹೊಡೆದ್ರ ಮುಚ್ಚಳ ಹರ್ಕೊಂಡು ಜೋರಾಗಿ ಹೊರಗ ಬರ್ತೈತಂತ."

ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದವರು ಇತ್ತ ತಿರುಗಿದರು. ಅವರು ತಿರುಗದೇ ಇದ್ದಿದ್ದರೆ ಕೊಟ್ರಬಸಪ್ಪ ಒಂದು ಗಳಿಗೆ ಯೋಚಿಸುತ್ತಿದ್ದನೇನೋ.

"ಬಸವಣ್ಣ ಎದುರಿಗೆ ಕುಂತ ಮ್ಯಾಲ ಡಿಕ್ಕಿ ಯಾಕ ಆಕ್ಕೈತಲೇ? ನೀ ಚಡ್ಡಿ ಹಾಕ್ಕೊಳ್ಳಾಕ ಕಲಿಯೋಕಿಂತ ಮದ್ಲ ನಾ ಪೊಲೀಸ್ ಜೀಪಿನಾಗ ಕೈ ಇಟ್ಟಾಂವ" ಎಂದು ನಕ್ಕ. ಹೋಟೆಲಿನವರೂ ನಕ್ಕರು. ಪ್ರವೀಣಕುಮಾರ್ ಕಿವಿ ಕೆಂಪಗೆ ಮಾಡಿಕೊಂಡು ಹಿಂದೆ ಸರಿದ. ಸೀಟಿನ ಮೇಲಗಡೆ, ಬಿಸಿಲು ತಡೆಯುವ ಹಲಗೆಗೆ ಹಳದಿ ಬಣ್ಣದ ಎಚ್ಚರಿಕೆಯ ಚಿತ್ರವೊಂದು ಅಂಟಿಕೊಂಡಿತ್ತು. ಕೊಟ್ರಬಸಪ್ಪ ಬಸವಣ್ಣನನ್ನು ಬಿಗಿದು ಮುಗಿಸಿ, ಆ ಚಿತ್ರದ ಮೇಲೆಯೇ ಕೊಟ್ಟೂರೇಶ್ವರನ ಸ್ಟಿಕ್ಕರ್ ಹಚ್ಚಿದ.

ಆ ಚಳಿಗಾಲದ ಒಂದು ಬೆಳಗ್ಗೆ, ಹೊಸಹಳ್ಳಿ ದಾಟಿದ ಮೇಲೆ, ಮಂಜಿನಲ್ಲಿ ಕೆಟ್ಟು ನಿಂತಿದ್ದ ಮೆಕ್ಕೆಜೋಳದ ಲಾರಿಗೆ ಗಸ್ತು ಗಾಡಿ ಗುದ್ದಿತು. ಓಡಿಸುತ್ತಿದ್ದ ಪ್ರವೀಣಕುಮಾರನಿಗೆ ಒಂದು ಗೀರೂ ಇಲ್ಲ. ಎಡಗಡೆ ಕೂತಿದ್ದ ಎಎಸ್‌ಐ ಸುಂಕಪ್ಪನ ದವಡೆ ಮುರಿದು, ಒಂದು ಕಣ್ಣು ಹೋಯಿತು. ಜನ ಓಡಿ ಬಂದು ನೋಡಿದಾಗ ಹಿತ್ತಾಳೆ ಬಸವಣ್ಣ ಅವನ ಮಡಿಲಲ್ಲಿ ಬಿದ್ದಿದ್ದ. ಅಷ್ಟು ಸಾಕಾಯಿತು. ಬಸವಣ್ಣ ಕಿತ್ತು ಬಂದು ಅಡ್ಡ ನಿಂತ, ಕಣ್ಣು ತಗೊಂಡು ಜೀವ ಉಳಿಸಿದ ಎಂಬ ಸುದ್ದಿ ಗಾಡಿಗಿಂತ ಮೊದಲು ಕೊಟ್ಟೂರು ಮುಟ್ಟಿತು. ದಾರಿಯಲ್ಲಿ ಸಿಕ್ಕವರೆಲ್ಲ ಕೊಟ್ರಬಸಪ್ಪನಿಗೆ ಕೈ ಮುಗಿದರು. ಅವನೂ ಎದೆಯುಬ್ಬಿಸಿ ಮುಗಿದ.

ಜಜ್ಜಿದ ಗಾಡಿಯಿಂದ ವೈರ್‌ಲೆಸ್ ಬಿಚ್ಚುವ ಕೆಲಸವೂ ಅವನಿಗೇ ಬಂತು. ಬಾಗಿಲು ತೆಗೆದವನು ಹಾಗೇ ನಿಂತುಬಿಟ್ಟ. ಸ್ಟೇರಿಂಗಿನಿಂದ ಬಿಳಿಯ ಚೀಲವೊಂದು ಜೋತುಬಿದ್ದಿತ್ತು, ಕಲೆಯಿಲ್ಲ. ಎಡಗಡೆಯ ಚೀಲದ ಮೇಲೆ ರಕ್ತ ಒಣಗಿತ್ತು. ಹರಿದ ಮುಚ್ಚಳದಲ್ಲಿ ಅವನೇ ಕೊರೆದ ಸ್ಕ್ರೂ ತೂತುಗಳು ಸೀಳಿ ಬಾಯಿ ಬಿಟ್ಟಿದ್ದವು. ಬಸವಣ್ಣ ಅಡ್ಡ ನಿಂತಿರಲಿಲ್ಲ. ಚೀಲ ಅವನನ್ನು ಸುಂಕಪ್ಪನ ಮುಖಕ್ಕೆ ಬೀಸಿ ಒಗೆದಿತ್ತು. ಬರಿಯ ಚೀಲವೇ ಬಂದಿದ್ದರೆ ಸುಂಕಪ್ಪನೂ ಪ್ರವೀಣಕುಮಾರನ ಹಾಗೆ ಇಳಿದು ನಡೆದುಬರುತ್ತಿದ್ದ.

ಹಿಂದೆ ಪ್ರವೀಣಕುಮಾರ್ ನಿಂತಿದ್ದ. "ಸ್ಪ್ಯಾನರ್ ಕೊಡ್ಲೇನ್ರಿ ಅಣ್ಣಾ?" ಎಂದ, ಅಷ್ಟೇ. ಬೈದಿದ್ದರೆ ಕೊಟ್ರಬಸಪ್ಪನಿಗೆ ಹಗುರಾಗುತ್ತಿತ್ತು. ಅಂದಿನಿಂದ ಯಾರಾದರೂ ಕೈ ಮುಗಿದರೆ ಅವನಿಗೆ ಕೆನ್ನೆಗೆ ಹೊಡೆದಂತಾಗುತ್ತಿತ್ತು. ಹೆಂಡತಿ ಬಸಲಿಂಗಮ್ಮನಿಗೂ ಹೇಳಲಿಲ್ಲ. 

ಬೇಸಿಗೆಯಲ್ಲಿ ಗಸ್ತಿಗೆ ಬೇರೆ ಗಾಡಿ ಬಂತು, ಅದೇ ನಮೂನೆಯದು. ಅಂಗಡಿ ಮುಂದೆ ನಿಂತ ಆ ಗಾಡಿಯಿಂದ ಪ್ರವೀಣಕುಮಾರನ ಜೊತೆಗೆ ಕಪ್ಪು ಕನ್ನಡಕದ ಸುಂಕಪ್ಪ ಇಳಿದ. ಹೆಂಡತಿ ದ್ಯಾಮಕ್ಕನನ್ನೂ ಕರೆತಂದಿದ್ದ. ಅವಳ ಸೆರಗಿನಲ್ಲಿ ಅದೇ ಬಸವಣ್ಣ, ಹುಣಸೆಹಣ್ಣು ಹಚ್ಚಿ ತಿಕ್ಕಿ ಬೆಳಗಿದ್ದು. ಸುಂಕಪ್ಪನ ಕೈಚೀಲದಿಂದ ಶಾಲಿನ ಅಂಚು ಇಣುಕುತ್ತಿತ್ತು.

"ಇದನ್ನ ಮತ್ತ ಅಲ್ಲೇ ಕೂಡ್ಸು ಕೊಟ್ರಬಸಪ್ಪ" ಎಂದ ಸುಂಕಪ್ಪ. ದವಡೆ ಇನ್ನೂ ಸರಿಯಾಗಿ ತೆರೆಯುತ್ತಿರಲಿಲ್ಲ.

"ಸ್ಕ್ರೂ ಇಲ್ರಿ ಸಾಹೇಬ್ರ."

"ನಾನ ತಂದೀನಿ."

ದ್ಯಾಮಕ್ಕ ಬಸವಣ್ಣನನ್ನು ಬೆಂಚಿನ ಮೇಲಿಟ್ಟು, "ನನ್ನ ತಾಳಿ ಉಳಿಸಿದಿ ಯಪ್ಪಾ" ಎಂದು ಕಾಲು ಮುಟ್ಟಲು ಬಾಗಿದಳು. ಕೊಟ್ರಬಸಪ್ಪ ಹಾವು ತುಳಿದವನಂತೆ ಹಿಂದೆ ಸರಿದ.

"ಮುಟ್ಟಬ್ಯಾಡ್ರವ್ವಾ. ಅವ್ರ ಕಣ್ಣು ತೆಗೆದಾಂವ ನಾನ. ಗಾಳಿ ಚೀಲ ಬರೋ ಜಾಗದಾಗ ಬಸವಣ್ಣನ್ನ ಬಿಗಿದೆ. ಅದು ಬಿಚ್ಚಿಕೊಂಡಾಗ ಬಸವಣ್ಣನ್ನ ಅವ್ರ ಮುಖಕ್ಕ ಒಗೀತು."

ಹೋಟೆಲಿನವರು ಮತ್ತೆ ಇತ್ತ ತಿರುಗಿದರು. ಸುಂಕಪ್ಪ ಕನ್ನಡಕ ತೆಗೆದು, ಉಳಿದ ಕಣ್ಣಿನಿಂದ ಅವನನ್ನೇ ನೋಡಿದ. ದ್ಯಾಮಕ್ಕನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

"ನಿನಗ ಗೊತ್ತಿದ್ದಿಲ್ಲೇನಪ್ಪಾ? ಯಾರೂ ಹೇಳಿದ್ದಿಲ್ಲೇನು?" ಎಂದಳು. ಅವಳ ದನಿಯಲ್ಲಿ ಇನ್ನೂ ಕರುಣೆಯೇ ಇತ್ತು. ಇಲ್ಲ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಪ್ರವೀಣಕುಮಾರ್ ನೆಲ ನೋಡುತ್ತಿದ್ದ, ಅವನೇನೂ ಬಾಯಿ ಬಿಡುತ್ತಿರಲಿಲ್ಲ.

"ಹೇಳಿದ್ರವ್ವಾ. ಈ ಹುಡುಗ ಬಿಡಿಸಿ ಹೇಳಿದ್ದ. ನಾಕು ಮಂದ್ಯಾಗ ನಾ ಅವನ್ನ ನೋಡಿ ನಕ್ಕೆ."

ದ್ಯಾಮಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. "ದಿನಾ ಇದಕ್ಕ ದೀಪ ಹಚ್ಚತಿದ್ನೆಲ್ಲೋ" ಎಂದವಳು ಹೋಗಿ ಗಾಡಿಯಲ್ಲಿ ಕೂತಳು. ಬಸವಣ್ಣನನ್ನು ಎತ್ತಿಕೊಳ್ಳಲಿಲ್ಲ.

ಸುಂಕಪ್ಪ ಕನ್ನಡಕ ಮತ್ತೆ ಹಾಕಿಕೊಂಡ. ಕೊನೆಗೆ, "ವೈರ್‌ಲೆಸ್ ಕೂಡ್ಸು, ಡ್ಯೂಟಿಗೆ ಹೋಗಬೇಕು" ಎಂದ. ಶಾಲು ಕೈಚೀಲದಲ್ಲೇ ಉಳಿಯಿತು.

ಕೊಟ್ರಬಸಪ್ಪ ಡ್ರಿಲ್ ಎತ್ತಿಕೊಂಡು ಪ್ರವೀಣಕುಮಾರನ ಮುಂದೆ ಹೋಗಿ ನಿಂತ. ಹೋಟೆಲಿನವರಿಗೂ ಕೇಳಲಿ ಎಂದು ದನಿ ತಗ್ಗಿಸಲಿಲ್ಲ.

"ಎಲ್ಲಿ ಕೊರೀಬೇಕು, ಎಲ್ಲಿ ಕೊರೀಬಾರದು, ಹೇಳಪ್ಪಾ" ಎಂದ.