ಮಾಳಿಗೆಯಿಂದ ಇಳಿದ ಕಂಬಳಿ

ಮೊನ್ನೆ ಗೋಕಾಕಿನ ನಮ್ಮ ಓಣಿಯಲ್ಲಿ ಒಂದು ಹಳೆಯ ಮಾಳಿಗೆ ಮನೆ ಕೆಡವುತ್ತಿದ್ದರು. ನಾನು ಶಾಲೆ ಮುಗಿಸಿ ಬರುವ ಹೊತ್ತಿಗೆ ಆಳುಗಳು ಮೇಲಿನ ಮಣ್ಣನ್ನು ಸಲಿಕೆಯಿಂದ ಕೆಳಗೆ ತಳ್ಳುತ್ತಿದ್ದರು. ಒಲೆಯ ಹೊಗೆ ಕುಡಿದು ಕಪ್ಪಾದ ಜಂತಿ, ಅದರ ಮೇಲೆ ಹಾಸಿದ್ದ ಬೇವಿನ ಸೊಪ್ಪು ಒಣಗಿ ಆದ ಪುಡಿ, ಎಷ್ಟೋ ಮಳೆ ಬಿಸಿಲು ಕಂಡ ಸವಳು ಮಣ್ಣು... ಎಲ್ಲ ಸೇರಿದ ಆ ಧೂಳಿಗೆ ಒಂದು ವಾಸನೆ ಇದೆ. ಹಾದಿಯಲ್ಲಿದ್ದವರೆಲ್ಲ ಸೆರಗು, ಟವೆಲ್ಲು ಮೂಗಿಗೆ ಹಿಡಿದು ಓಡಿದರು. ನಾನೊಬ್ಬಳು ಹುಚ್ಚಿಯ ಹಾಗೆ ನಿಂತೇ ಬಿಟ್ಟೆ. ಆ ಧೂಳಿನಲ್ಲಿ ನನಗೆ ಪಾದ್ರಿ ಅಜ್ಜನ ಬಿಳಿ ಗಡ್ಡ ಕಂಡಿತ್ತು, ಗಡ್ಡದ ತುಂಬ ಮಣ್ಣು.

ಪಾದ್ರಿ ಅಜ್ಜ ನಮ್ಮ ಪೈಕಿಯವರಲ್ಲ. ನಾವು ಘೋಡಗೇರಿಯ ಕುರುಬರು, ಬೀರಪ್ಪನ ಒಕ್ಕಲು. ಅವರು ಹುಕ್ಕೇರಿಯಲ್ಲಿದ್ದ ಕ್ರೈಸ್ತ ಉಪದೇಶಿ. ಶನಿವಾರ ಸಂಜೆ ಬಸ್ಸು ಹಿಡಿದು ನಮ್ಮೂರಿಗೆ ಬಂದು, ಒಬ್ಬ ಮುದುಕಿಯ ಮನೆಯ ಪಡಸಾಲೆಯಲ್ಲಿ ಪ್ರಾರ್ಥನೆ ಮಾಡಿಸುತ್ತಿದ್ದರು. ಆ ಮುದುಕಿಯನ್ನು ಊರೆಲ್ಲ ಆಯಿ ಎಂದೇ ಕರೆಯುತ್ತಿತ್ತು. ಊರಲ್ಲಿ ಕ್ರೈಸ್ತರ ಮನೆ ಅಂತ ಇದ್ದದ್ದು ಅವಳದೊಂದೇ. ಹಾಗಾಗಿ ಪಡಸಾಲೆಯಲ್ಲಿ ಕೂಡುತ್ತಿದ್ದವರಲ್ಲಿ ನಮ್ಮಂಥವರೇ ಹೆಚ್ಚು. ನಾವು ಹೋಗುತ್ತಿದ್ದದ್ದು ಕಥೆ ಕೇಳಲು. ಊರಿನ ಹಿರಿಯರು ಮೊದಮೊದಲು ಕಣ್ಣು ಕೆಂಪಗೆ ಮಾಡಿದರು. ಆಮೇಲೆ ಅವರೂ ಹೊರಗಿನ ಕಟ್ಟೆಯ ಮೇಲೆ ಕೂತು, ಎಲೆ ಅಡಿಕೆ ಹಾಕುವ ನೆವದಲ್ಲಿ ಕಿವಿ ಒಳಗೇ ಇಡತೊಡಗಿದರು.

ಅವರನ್ನು ನಮ್ಮ ಮನೆಗೆ ಗಂಟು ಹಾಕಿದವನು ಅಪ್ಪ. ಅಪ್ಪ ಹುಕ್ಕೇರಿ ಸಂತೆಯಲ್ಲಿ ಕಂಬಳಿ ಮಾರುತ್ತಿದ್ದ. ಅವನು ಕೂಡುತ್ತಿದ್ದ ಬೇವಿನ ಮರದ ಬಾಜೂಕ್ಕೇ ಪಾದ್ರಿ ಅಜ್ಜ ಚಿತ್ರದ ಪಟ ತೂಗುಹಾಕಿ ಯೇಸುವಿನ ದೃಷ್ಟಾಂತಗಳನ್ನು ಹೇಳುತ್ತಿದ್ದರು. ಇಬ್ಬರಿಗೂ ಗಿರಾಕಿ ಕಡಿಮೆ. ಹೀಗಾಗಿ ಒಬ್ಬರಿಗೊಬ್ಬರು ಗಿರಾಕಿಯಾದರು. ಅಪ್ಪ ಕಥೆ ಕೇಳುವುದು, ಅಜ್ಜ ಚಳಿ ಇರಲಿ ಬಿಡಲಿ ಕಂಬಳಿ ಹೊದ್ದು ನೋಡುವುದು.

ಕಥೆ ಹೇಳುವುದರಲ್ಲಿ ಅವರಿಗೆ ಅವರದೇ ಒಂದು ಧಾಟಿ ಇತ್ತು. ಪುಸ್ತಕದಲ್ಲಿದ್ದ ದೂರದ ಊರುಗಳನ್ನೆಲ್ಲ ತಂದು ನಮ್ಮ ಸೀಮೆಯೊಳಗೆ ಇಳಿಸಿಬಿಡುತ್ತಿದ್ದರು. ಬಿತ್ತುವವನು ಬಿತ್ತಿದ್ದು ಮಮದಾಪುರದ ಎರೆ ಹೊಲದಲ್ಲಿ. ಕಳ್ಳರ ಕೈಗೆ ಸಿಕ್ಕು ರಸ್ತೆಯ ಬದಿಗೆ ಬಿದ್ದವನು ಬಿದ್ದದ್ದು ಹುಕ್ಕೇರಿ ದಾರಿಯಲ್ಲಿ. ಅವನನ್ನು ನೋಡಿಯೂ ನೋಡದಂತೆ ಮೊದಲು ದಾಟಿ ಹೋದವನು ಯಾರು ಅಂದರೆ, "ನನ್ನಂಥಾವ ಒಬ್ಬ ಪಾದ್ರಿ, ಮೀಟಿಂಗಿಗೆ ಲೇಟಾಗಿತ್ತಂತ" ಎಂದು ತಮ್ಮನ್ನೇ ತೋರಿಸಿಕೊಳ್ಳುತ್ತಿದ್ದರು. ಕೊನೆಗೆ ಎತ್ತಿಕೊಂಡು ಹೋದವನು ಕಂಬಳಿ ಹೊದ್ದ ಕುರುಬ. ನಾವೆಲ್ಲ ಹಿಗ್ಗಿ ಹೀರೇಕಾಯಿ! ಮದುವೆ ಮನೆಯಲ್ಲಿ ನೀರು ದ್ರಾಕ್ಷಿಯ ಮದ್ಯವಾದ ಪವಾಡವನ್ನು ಮಾತ್ರ, ಕಟ್ಟೆಯ ಮೇಲಿನ ಲಿಂಗಾಯತ ಹಿರಿಯರಿಗೆ ಹೆದರಿ, ಕಬ್ಬಿನ ಹಾಲು ಮಾಡಿಬಿಟ್ಟಿದ್ದರು. ಅಪ್ಪ ಬಿಡಲಿಲ್ಲ.

"ಕಬ್ಬಿನ ಹಾಲ ಕುಡದು ಮಂದಿ ಇಷ್ಟ ಖುಷಿ ಆಕ್ಕಾರೇನ್ರಿ ಪಾದ್ರಿಗಳ?"

ಅಜ್ಜ ಗಡ್ಡದೊಳಗೇ ನಕ್ಕು ಹಾಡು ಶುರು ಮಾಡಿದರು.

ಪ್ರತಿ ಕಥೆ ಮುಗಿದ ಮೇಲೂ ಅವರು ಒಂದೇ ಪ್ರಶ್ನೆ ಕೇಳುತ್ತಿದ್ದರು: "ಈ ಕಥಿಯೊಳಗ ನೀವು ಯಾರು?" ಬೇರೆ ಉಪದೇಶಿಗಳು ಪಾಠವನ್ನು ತಾವೇ ಹೇಳಿ ಮುಗಿಸುತ್ತಾರೆ. ಇವರು ಅದನ್ನು ಕೇಳುವವರ ಮಡಿಲಿಗೆ ಹಾಕಿ ಸುಮ್ಮನಾಗುತ್ತಿದ್ದರು. ಮನೆಗೆ ಹೋಗುವವರೆಗೂ ಅದು ತಲೆಯೊಳಗೆ ಕೊರೆಯುತ್ತಿತ್ತು. ಆ ಪ್ರಶ್ನೆಯೇ ಒಂದು ದಿನ ಅವರ ಕುತ್ತಿಗೆಗೆ ಬಂತು.

ಅಪ್ಪನಿಗೆ ಲಕ್ವಾ ಹೊಡೆಯಿತು. ಬೆಳಿಗ್ಗೆ ಕುರಿ ಬಿಡಲು ಎದ್ದವನು ಬಾಗಿಲಲ್ಲೇ ಕುಸಿದ. ಬಲಗೈ, ಬಲಗಾಲು, ಜೊತೆಗೆ ಮಾತು... ಮೂರೂ ಒಟ್ಟಿಗೆ ಹೋದವು. ಆಗ ನಾನು ಹುಕ್ಕೇರಿಯಲ್ಲಿ ಕಾಲೇಜು ಓದುತ್ತಿದ್ದೆ. ಬೆಳಗಾವಿಯ ದವಾಖಾನೆ ಆಯಿತು, ಪಾರಿವಾಳದ ರಕ್ತದ ಎಣ್ಣೆ ಆಯಿತು, ಬೀರಪ್ಪನಿಗೆ ಹರಕೆ ಆಯಿತು, ದರ್ಗಾದ ತಾಯತವೂ ಆಯಿತು. ಡಾಕ್ಟರು ಇನ್ನು ಇಷ್ಟೇ ಎಂದರು. ಅವ್ವ ಮಾತ್ರ ಒಪ್ಪಲಿಲ್ಲ. ಅಪ್ಪ ಎದ್ದು ನಡೆಯುತ್ತಾನೆ ಎಂಬ ಒಂದೇ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡು ಅವಳು ದಿನ ದೂಡುತ್ತಿದ್ದಳು. ಅದು ಕೈತಪ್ಪಿದರೆ ಅವಳೂ ಹಾಸಿಗೆ ಹಿಡಿಯುತ್ತಾಳೆ ಎಂದು ನನಗೆ ಹೆದರಿಕೆ.

ಅಂಥ ದಿನಗಳಲ್ಲೇ ಪಾದ್ರಿ ಅಜ್ಜ ಆ ಪವಾಡ ಹೇಳಿದರು. ಲಕ್ವಾ ಹೊಡೆದ ಒಬ್ಬನನ್ನು ಅವನ ನಾಲ್ವರು ಗೆಳೆಯರು ಹೊತ್ತು ತರುತ್ತಾರೆ. ಯೇಸು ಇದ್ದ ಮನೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ನಾಲ್ವರೂ ಮಾಳಿಗೆ ಹತ್ತಿ, ಅದನ್ನು ಬಿಚ್ಚಿ, ರೋಗಿಯನ್ನು ಹಾಸಿಗೆಯ ಸಮೇತ ಯೇಸುವಿನ ಮುಂದೆ ಇಳಿಸುತ್ತಾರೆ. ಅವನು ಎದ್ದು ಹಾಸಿಗೆ ಸುತ್ತಿಕೊಂಡು ನಡೆದು ಹೋಗುತ್ತಾನೆ. ಅಪ್ಪನ ಸಲುವಾಗಿಯೇ ಆ ಕಥೆ ಆರಿಸಿಕೊಂಡಿದ್ದರು ಅನ್ನಿಸುತ್ತದೆ. ಅಂದು ಅವರ ದನಿಯೇ ಬೇರೆ ಇತ್ತು. "ಮನಿ ಅಂದ್ರ ದೊಡ್ಡದಲ್ಲ, ಅಗದಿ ಈ ಆಯಿ ಮನಿಯಂಥಾದ್ದು. ಇಂಥಾದ್ದ ಮ್ಯಾಳಗಿ, ಇಂಥಾದ್ದ ಬೆಳಕಿಂಡಿ," ಎಂದು ಮೇಲೆ ಬೆರಳು ಮಾಡಿ ತೋರಿಸಿದರು. ಕೊನೆಗೆ ಎಂದಿನಂತೆ ಕೇಳಿದರು: "ಈ ಕಥಿಯೊಳಗ ನೀವು ಯಾರು?"

ಅಪ್ಪನ ತಮ್ಮ, ನಮ್ಮ ಕಾಕಾ, ಎದ್ದು ನಿಂತ. "ಆ ನಾಕ ಮಂದಿ ನಾವ್ರಿ," ಎಂದ. ಅಜ್ಜನ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಉಪದೇಶ ಮಾಡಿದ್ದು ಸಾರ್ಥಕವಾಯಿತು ಎಂದುಕೊಂಡಿರಬೇಕು. ಪಾಪ, ಕುರುಬರಿಗೆ ಕಥೆ ಹೇಳುವಾಗ ಎಷ್ಟು ಜೋಪಾನವಾಗಿರಬೇಕು ಎಂದು ಅವರಿಗೆ ತಿಳಿದಿರಲಿಲ್ಲ. ನಮ್ಮಲ್ಲಿ ದೇವರ ಕೆಲಸ ಅಂದರೆ ಹೇಳಿದ್ದನ್ನು ಹೇಳಿದ ಹಾಗೇ ಮಾಡಬೇಕು. ಹರಕೆಯಲ್ಲಿ ಕರಿ ಕುರಿ ಅಂದಿದ್ದರೆ ಕಂದು ಕುರಿ ನಡೆಯುವುದಿಲ್ಲ.

ಮುಂದಿನ ಶನಿವಾರ ಅವ್ವ ಮದುವೆಯ ಇಳಕಲ್ ಸೀರೆ ಉಟ್ಟು ಪಡಸಾಲೆಯಲ್ಲಿ ಎಲ್ಲರಿಗಿಂತ ಮುಂದೆ ಕೂತಳು. ಯಾಕೆ ಎಂದು ಕೇಳಿದರೆ ನನ್ನನ್ನೇ ಗದರಿದಳು. ಹಾಡು ನಡೆದಿತ್ತು. ಮಾಳಿಗೆಯ ಮೇಲೆ ಧಡಧಡ ಹೆಜ್ಜೆ ಸಪ್ಪಳ. ಆಮೇಲೆ ಹಾರೆಯ ಸಪ್ಪಳ. ಬೆಳಕಿಂಡಿಯ ಸುತ್ತಲಿನ ಮಣ್ಣು ಬುಟ್ಟಿಗಟ್ಟಲೆ ಪಾದ್ರಿ ಅಜ್ಜನ ತಲೆ, ಗಡ್ಡ, ತೆರೆದ ಬೈಬಲ್ಲಿನ ಮೇಲೆ ಸುರಿಯಿತು. ಆಯಿ ಅಂಗಳಕ್ಕೆ ಓಡಿ ಬಾಯಿ ಬಡಿದುಕೊಂಡಳು.

"ಅಯ್ಯಯ್ಯ, ಬಾಗಲಾ ತೆರದೈತಲ್ರೋ ಮುಕಳ್ಯಾರ! ಒಳಗ ಅಷ್ಟ ಮಂದೀನ ಇಲ್ಲ! ನನ್ನ ಮ್ಯಾಳಗಿ ಯಾಕ ಅಗೀತೀರಿ?"

"ಬಾಗಲದಾಗ ಬಂದ್ರ ಆಗೂದಿಲ್ಲಬೇ ಆಯಿ," ಎಂದು ಮೇಲಿನಿಂದ ಕಾಕಾ ಶಾಂತವಾಗಿ ಉತ್ತರ ಕೊಟ್ಟ. "ಕಥಿಯೊಳಗ ಮ್ಯಾಗಿಂದನ ಇಳಿಸ್ಯಾರ."

ಇಂದಿಗೂ ಇದನ್ನು ನೆನೆದರೆ ನಗು ತಡೆಯಲಾಗುವುದಿಲ್ಲ. ಅಂದು ಮಾತ್ರ ಯಾರೂ ನಗಲಿಲ್ಲ. ಬೆಳಕಿಂಡಿ ದೊಡ್ಡ ಬಾಯಿ ತೆರೆಯಿತು, ಕಂಬಳಿಯ ನಾಲ್ಕು ಮೂಲೆಗೆ ಬಾವಿಯ ಹಗ್ಗ ಕಟ್ಟಿ ನಮ್ಮ ಅಪ್ಪನನ್ನು ಮೆಲ್ಲಗೆ ಇಳಿಬಿಟ್ಟರು. ತೊಟ್ಟಿಲಿನೊಳಗಿನ ಕೂಸಿನ ಹಾಗೆ ಅವನು ಕಣ್ಣು ಪಿಳಿಪಿಳಿ ಮಾಡುತ್ತ ಪಾದ್ರಿ ಅಜ್ಜನ ಕಾಲ ಹತ್ತಿರ ಬಂದಿಳಿದ. ಮೇಲಿನಿಂದ ನಾಲ್ಕು ಮುಖಗಳು ಇಣುಕುತ್ತಿದ್ದವು. ಅವ್ವ ಸೆರಗಿನ ಒಳಗಿಂದ ಏನೋ ತೆಗೆದು ನೆಲದ ಮೇಲೆ ಜೋಡಿಸಿ ಇಟ್ಟಳು. ಅಪ್ಪನ ಕಾಲ್ಮರಿ. ನಡೆದು ಮನೆಗೆ ಹೋಗುವವನಿಗೆ ಕಾಲಿಗೆ ಮೆಟ್ಟು ಬೇಕಲ್ಲ! ಇಳಕಲ್ ಸೀರೆ ಯಾಕೆ ಎಂದು ನನಗೆ ಆಗ ತಿಳಿಯಿತು.

ಎಲ್ಲರೂ ಪಾದ್ರಿ ಅಜ್ಜನ ಬಾಯಿಯನ್ನೇ ನೋಡುತ್ತಿದ್ದರು. ಎದ್ದು ನಡೆ ಎಂದು ಅವರು ಅನ್ನಬೇಕು, ಅಷ್ಟೇ ಬಾಕಿ. ಅವರಿಗೆ ಅದು ಗೊತ್ತಾಯಿತು. ಬೇರೆ ಯಾರಾದರೂ ಆಗಿದ್ದರೆ ಕೈ ಮೇಲೆತ್ತಿ ಗಟ್ಟಿಯಾಗಿ ಪ್ರಾರ್ಥನೆ ಮಾಡಿ, ಏಳದಿದ್ದಾಗ ನಿಮ್ಮ ನಂಬಿಕೆ ಸಾಲದು ಎಂದು ಜಾರಿಕೊಳ್ಳುತ್ತಿದ್ದರು. ಅಂಥವರನ್ನು ನಾನು ಆಮೇಲೆ ಬಹಳ ಕಂಡಿದ್ದೇನೆ. ಅಜ್ಜ ನೆಲಕ್ಕೆ ಕೂತರು. ಹೆಗಲ ಮೇಲಿನ ಟವೆಲ್ಲಿನಿಂದ ಅಪ್ಪನ ಕಣ್ಣೊಳಗಿನ ಮಣ್ಣು ಒರೆಸಿದರು. ಪ್ರಾರ್ಥನೆ ಮಾಡಿದರು, ಆದರೆ ಅದು ಹತ್ತಿರದಲ್ಲಿದ್ದ ನನಗೂ ಸರಿಯಾಗಿ ಕೇಳಲಿಲ್ಲ. ಆಮೇಲೆ ಅವ್ವನ ಕಡೆ ತಿರುಗಿದರು.

"ತಂಗೀ, ಬೇಡಿಕೊಳ್ಳೂದು ಅಷ್ಟ ನನ್ನ ಕೈಯಾಗ ಐತೆವಾ. ಎಬ್ಬಸೂದು ನನ್ನ ಕೈಯಾಗ ಇಲ್ಲ."

ಅವ್ವ ಕಾಲ್ಮರಿಗಳನ್ನೇ ನೋಡುತ್ತ ಕೂತಿದ್ದಳು. ಆಮೇಲೆ ಕೇಳಿದಳು: "ಹಂಗಾದ್ರ ಯಾಕ ಹೇಳಿದ್ರಿ?"

ಅವ್ವ ಕಾಲ್ಮರಿ ಸೆರಗಿನೊಳಗೆ ಕಟ್ಟಿಕೊಂಡು ಹಿಂದೆ ನೋಡದೆ ಹೊರಟುಹೋದಳು.

ಇನ್ನು ಅವರು ನಮ್ಮೂರಿನ ಹಾದಿ ಹಿಡಿಯುವುದಿಲ್ಲ ಎಂದುಕೊಂಡಿದ್ದೆ. ಸೋಮವಾರ ಬೆಳಗಿನ ಬಸ್ಸಿಗೇ ಇಳಿದರು. ಧೋತರ ಮೇಲೆ ಕಟ್ಟಿ, ಕಾಕಾ ಮತ್ತು ಅವನ ಮೂವರು ಗೆಳೆಯರ ಜೊತೆ ಸವಳು ಮಣ್ಣು ಹೊತ್ತು, ಆಯಿಯ ಮಾಳಿಗೆ ಮುಚ್ಚಿದರು. ಆಯಿ ಕೆಳಗೆ ನಿಂತು ಐವರಿಗೂ ಮನಸಾರೆ ಬೈಯುತ್ತಲೇ ರೊಟ್ಟಿ ಬಡಿದಳು. ಕೆಲಸ ಮುಗಿಸಿ ಅಜ್ಜ ನಮ್ಮ ಮನೆಗೆ ಬಂದರು. ಅವ್ವ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಅಜ್ಜ ಅಂಗಳದಲ್ಲಿದ್ದ ಅಪ್ಪನ ಹಗ್ಗದ ಹೊರಸಿನ ಹತ್ತಿರ ಕೂತು, ಕತ್ತರಿಯಿಂದ ಅವನ ಗಡ್ಡ ಸರಿಮಾಡಿ ಹೋದರು.

ಅಲ್ಲಿಂದ ಅದೊಂದು ಪರಿಪಾಠವೇ ಆಯಿತು. ಶನಿವಾರ ಪ್ರಾರ್ಥನೆಗೆ ಬಹಳ ಮುಂಚೆ ಬರುವುದು, ಕಾಕಾನ ಜೊತೆ ಸೇರಿ ಅಪ್ಪನ ಹೊರಸು ಎತ್ತುವುದು, ಹೊಳೆಯ ದಂಡೆಗೆ, ಕುರಿ ನೀರು ಕುಡಿಯುವ ಕಡೆಗೆ ಹೊತ್ತೊಯ್ಯುವುದು. ಕುರಿಗಳನ್ನು ಕಂಡರೆ ಅಪ್ಪನ ಬಾಯಿಂದ ಒಂದು ಸದ್ದು ಬರುತ್ತಿತ್ತು. ಮಾತಲ್ಲ... ಆದರೆ ಕುರಿಗಳಿಗೆ ಅರ್ಥವಾಗುತ್ತಿತ್ತು, ತಲೆ ಎತ್ತುತ್ತಿದ್ದವು. ಅಜ್ಜನಿಗೆ ಏದುಸಿರು ಬರುತ್ತಿತ್ತು. ಬೇಡ ಅಂದರೆ ಕೇಳುವ ಜನವಲ್ಲ. ಎಷ್ಟೋ ಶನಿವಾರಗಳಾದ ಮೇಲೆ ಒಂದು ದಿನ ಅವ್ವ ಒಳಗಿಂದ ಒಂದು ಕಪ್ಪು ಚಹಾ ತಂದು ಅವರ ಮುಂದೆ ಇಟ್ಟಳು. ಅಜ್ಜ ಅದನ್ನು ಎರಡೂ ಕೈಯಿಂದ ಎತ್ತಿಕೊಂಡರು.

ಬಹಳ ಕಾಲ ಅವರು ಆ ಪವಾಡದ ಸುದ್ದಿ ಎತ್ತಲಿಲ್ಲ. ಮತ್ತೆ ಹೇಳಿದಾಗ ಅವ್ವನೂ ಪಡಸಾಲೆಯಲ್ಲಿದ್ದಳು. ನಾಲ್ವರು ಹೊತ್ತು ತಂದದ್ದು, ಮಾಳಿಗೆ ಬಿಚ್ಚಿದ್ದು, ಇಳಿಸಿದ್ದು... ಅಲ್ಲಿಗೆ ಬಂದು ನಿಲ್ಲಿಸಿದರು.

"ಮುಂದಿಂದು ಪುಸ್ತಕದಾಗ ಐತಿ, ಅದನ್ನ ನಾ ನಂಬೇನಿ. ಇಲ್ಲೀತನಕ ಮಾತ್ರ ನಾ ಕಣ್ಣಾರೆ ಕಂಡೇನಿ," ಎಂದರು. ಅಂದು ಪ್ರಶ್ನೆ ಕೇಳಲಿಲ್ಲ.

ಅಪ್ಪ ಏಳಲೇ ಇಲ್ಲ. ಒಂದು ಶ್ರಾವಣದಲ್ಲಿ ಹೋಗಿಬಿಟ್ಟ. ಸುದ್ದಿ ಕೇಳಿ ಅಜ್ಜ ಸಿಕ್ಕ ಲಾರಿ ಹತ್ತಿ ಬಂದರು, ಬಂದು ದೂರದಲ್ಲಿ, ಗೋಡೆಗೆ ಒರಗಿ ನಿಂತರು. ನಮ್ಮಲ್ಲಿ ಹೆಗಲು ಕೊಡುವವರು ಅಣ್ಣತಮ್ಮಂದಿರು, ಬೀಗರು. ಎತ್ತುವ ಹೊತ್ತಿಗೆ ಅವ್ವ ಎಲ್ಲರಿಗೂ ಕೇಳುವಂತೆ ಹೇಳಿದಳು: "ಪಾದ್ರಿಗಳ, ಮುಂದ ಬರ್ರಿ." ಹಿರಿಯರೊಬ್ಬರು ಗೊಣಗಿದರು. ಅವ್ವ ಅವರ ಕಡೆ ತಿರುಗಿ, "ಇವರ ಭಾರ ಅವರ ಹೆಗಲಿಗೆ ರೂಢಿ ಐತ್ರಿ. ಸರೀರಿ ಅತ್ತಾಗ," ಎಂದಳು. ಹಿರಿಯರು ಸರಿದರು.

ಆಮೇಲೆ ಎಲ್ಲರ ಜೀವನ ಎತ್ತೆತ್ತಲೋ ಹರಿಯಿತು. ನನಗೆ ಗೋಕಾಕಿನಲ್ಲಿ ಶಿಕ್ಷಕಿಯ ನೌಕರಿ ಸಿಕ್ಕಿತು. ಪಾದ್ರಿ ಅಜ್ಜನನ್ನು ಅವರ ಚರ್ಚಿನ ಸಭೆಯವರು ಮೂಡಲಗಿಗೆ ಕಳಿಸಿದರು. ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರು, ಕೋಲು ಹಿಡಿದಿದ್ದರು, ಅವ್ವನ ಆರೋಗ್ಯ ಕೇಳಿದರು... ಬಸ್ಸು ಬಂತು, ಹತ್ತಿದರು. ಹೋಗಿ ನೋಡಿಕೊಂಡು ಬರಬೇಕು ಅಂತ ಎಷ್ಟೋ ಸಲ ಅಂದುಕೊಂಡೆ.

ಮೊನ್ನೆ ಆ ಮಾಳಿಗೆಯ ಧೂಳು ಕುಡಿದು ಬಂದ ಮರುದಿನ, ಮೂಡಲಗಿಯಿಂದ ಬರುವ ನಮ್ಮ ಶಾಲೆಯ ಟೀಚರೊಬ್ಬರನ್ನು ಕೇಳಿದೆ. ಅವರದೂ ಅದೇ ಸಭೆ. "ಹೋದ್ರಲ್ರಿ ಅಕ್ಕೋರ, ಹ್ವಾದ ಮಳಿಗಾಲದಾಗ," ಎಂದರು. "ನಡೀಲಾಕ ಬರ್ತಿದ್ದಿಲ್ಲ, ಹಾಸಿಗಿ ಹಿಡದಿದ್ರು. ಹೆಂಡತಿ ಮೊದಲ ತೀರಿದ್ರು, ಮಕ್ಕಳಿಲ್ಲ. ನಾ ಆಗ ತವರಮನ್ಯಾಗ ಇದ್ನಿ, ಪೂರ್ತಿ ಗೊತ್ತಿಲ್ರಿ." ನನಗೆ ಅಲ್ಲೇ ಅಳು ಬಂತು. ಮಕ್ಕಳು ನೋಡುತ್ತಾರೆಂದು ಹಲಗೆಯ ಕಡೆ ತಿರುಗಿ ಏನೋ ಬರೆಯುತ್ತ ನಿಂತೆ.

ಸಂಜೆ ಘೋಡಗೇರಿಗೆ ಫೋನ್ ಮಾಡಿದೆ. ಅವ್ವನಿಗೆ ಈಗ ಕಿವಿ ಮಂದ, ಕೂಗಿ ಹೇಳಬೇಕು. ಹೇಳಿದೆ. ಎರಡು ಸಲ ಹೇಳಿಸಿಕೊಂಡಳು. ಆಮೇಲೆ ಕೇಳಿದಳು:

"ಯಾರ ಹೊತ್ತರಂತ?"

ಗೊತ್ತಿಲ್ಲ ಅಂದೆ. ನಿಜವಾಗಿಯೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ.

"ಒಂದ ಮಾತ ಹೇಳಿ ಕಳಿಸಿದ್ರ ಆಕ್ಕಿತ್ತಲ್ಲ," ಎಂದಳು ಅವ್ವ. "ಹೆಣ್ಣಮಕ್ಕಳು ಹೊರಬಾರದಂತಾರ. ಅನ್ನಲಿ ಬಿಡು. ನಾ ಹೋಗಿ ಹೆಗಲ ಕೊಡತಿದ್ನಿ."