ದಡದಲ್ಲಿ ಬಟ್ಟೆ ಕಾಯುತ್ತಿದ್ದವಳು

ಕ್ರೂಸ್ ಹಡಗು ಒಂದು ಬಂದರಿನಲ್ಲಿ ನಿಲ್ಲುವುದು ಹೆಚ್ಚೆಂದರೆ ಎಂಟು ಗಂಟೆ. ಅಷ್ಟರೊಳಗೆ ಇಳಿದು, ಒಳ್ಳೆಯ ಹವಳದ ದಿಬ್ಬ ಹುಡುಕಿ, ನೀರಿಗಿಳಿದು ಕಣ್ತುಂಬ ನೋಡಿ, ಮೈ ಒರೆಸಿಕೊಂಡು, ಹಡಗು ಹೊರಡುವ ಮುಂಚೆ ಮತ್ತೆ ಹತ್ತಬೇಕು. ಈ ವಿದ್ಯೆಯಲ್ಲಿ ನಾನು ಪಂಡಿತ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಬೇರೆಯವರು ಹೇಳಲಿ ಎಂದು ಕಾಯುವಷ್ಟು ತಾಳ್ಮೆ ನನಗೆ ಯಾವತ್ತೂ ಇರಲಿಲ್ಲ.

ಈ ಹುಚ್ಚು ಹತ್ತಿದ್ದು ಕೋವಿಡ್ ಬಂದ ವರ್ಷ. ಅಮೆರಿಕದ ಗೈದರ್ಸ್‌ಬರ್ಗ್‌ನ ನಮ್ಮ ಮನೆಯ ಬೇಸ್‌ಮೆಂಟೇ ನನ್ನ ಆಫೀಸಾಗಿತ್ತು. ಒಂದು ಪರದೆಯಲ್ಲಿ ಮೀಟಿಂಗ್, ಇನ್ನೊಂದರಲ್ಲಿ ಕೆರಿಬಿಯನ್ ದ್ವೀಪಗಳ ಉಪಗ್ರಹ ಚಿತ್ರ. ತಿಳಿನೀಲಿ ನೀರಿನಲ್ಲಿ ದಡಕ್ಕೆ ಹತ್ತಿರ ಒಂದು ಕಪ್ಪು ತೇಪೆ ಕಂಡರೆ ಅದು ಹವಳವೋ ಬರೀ ಕಡಲ ಹುಲ್ಲೋ ಎಂದು ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಿದ್ದೆ. ಹಡಗಿನವರೇ ಮಾರುವ ಟೂರು ಬೇಡವೇ ಬೇಡ, ಜನರನ್ನು ಕುರಿಗಳ ಹಾಗೆ ಒಂದೇ ದೋಣಿಗೆ ತುಂಬಿ ಮರಳು ತೋರಿಸಿ ಕರೆತರುತ್ತಾರೆ ಎಂಬುದು ನನ್ನ ಸಿದ್ಧಾಂತ. ಬಂದರಿನ ಗೇಟು ದಾಟಿ ಟ್ಯಾಕ್ಸಿ ಹಿಡಿಯಬೇಕು. ಗಾಳಿ ಬೀಸದ ಬದಿಯ ತೀರಕ್ಕೆ, ಉಳಿದ ಹಡಗುಗಳ ಜನ ಬರುವುದಕ್ಕೆ ಮೊದಲೇ ತಲುಪಬೇಕು. ಹೊಳೆ ಬಂದು ಸೇರುವ ಕಡೆ ನೀರು ರಾಡಿ, ಅತ್ತ ತಲೆ ಹಾಕಬಾರದು. ಇಷ್ಟೆಲ್ಲವನ್ನೂ ನಾನು ಒಂದೇ ಒಂದು ದ್ವೀಪವನ್ನು ನೋಡುವ ಮೊದಲೇ ಕಲಿತುಬಿಟ್ಟಿದ್ದೆ.

ಹೆಂಡತಿ ಕಾಫಿ ಹಿಡಿದು ಮೆಟ್ಟಿಲಿಳಿದು ಬರುವಳು. ನಾನು ನಕ್ಷೆ ತೋರಿಸುವೆ. ಅವಳು ದಪ್ಪ ಗಾಜಿನ ಕನ್ನಡಕ ಪರದೆಗೆ ತಾಗುವ ಹಾಗೆ ಬಗ್ಗಿ ನೋಡಿ, ಎಲ್ಲ ನೀಲಿಯಾಗಿಯೇ ಇದೆಯಲ್ಲ ಎಂದು ನಕ್ಕು, ಖಾಲಿ ಲೋಟ ತೆಗೆದುಕೊಂಡು ಹೋಗುವಳು.

ಆ ಕನ್ನಡಕದ ವಿಷಯ ಸ್ವಲ್ಪ ಹೇಳಬೇಕು. ಮೈಸೂರಿನಲ್ಲಿ ನಾವು ಹೆಣ್ಣು ನೋಡಲು ಹೋದ ದಿನ ಅವಳ ಮುಖದ ಮೇಲೆ ಅದು ಇರಲಿಲ್ಲ. ಗಂಡಿನ ಕಡೆಯವರು ಬಂದಾಗ ಹುಡುಗಿಯ ಕನ್ನಡಕ ತೆಗೆಸಿಡುವುದು ಆಗ ಎಷ್ಟೋ ಮನೆಗಳ ಪದ್ಧತಿ. ನಮ್ಮ ಅತ್ತೆ ಅದನ್ನು ದೇವರ ಗೂಡಿನಲ್ಲಿಟ್ಟು, ಉಪ್ಪಿಟ್ಟಿನ ತಟ್ಟೆಗಳನ್ನು ಜೋಡಿಸಿದ ಟ್ರೇ ಕೊಟ್ಟು ಕಳಿಸಿದ್ದರು. ಅವಳು ಹೆಜ್ಜೆ ಎಣಿಸಿಕೊಂಡು ಬಂದು, ಮದುಮಗ ಎಂದುಕೊಂಡು ನನ್ನ ಚಿಕ್ಕಪ್ಪನ ಮುಂದೆ ನಾಚಿಕೊಂಡು ನಿಂತಳು. ನಾನು ಅವಳಿಗೆ ಕಂಡದ್ದು ಸೋಫಾದ ಮೇಲಿನ ಒಂದು ಬಿಳಿ ಗುಪ್ಪೆಯಾಗಿ. ಒಳಗೆ ಕರೆದು ಹುಡುಗ ಹೇಗೆ ಎಂದು ಕೇಳಿದಾಗ ಚೆನ್ನಾಗಿದ್ದಾರೆ ಎಂದಳಂತೆ. ಮೂವತ್ತು ವರ್ಷ ನಾನು ಈ ಕಥೆಯನ್ನು ಮಾರಿಕೊಂಡು ತಿಂದೆ. ಶನಿವಾರ ಲ್ಯಾನ್‌ಹ್ಯಾಮ್ ದೇವಸ್ಥಾನದ ಕ್ಯಾಂಟೀನಿನಲ್ಲಿ ಪುಳಿಯೋಗರೆ ತಿನ್ನುತ್ತ ಹೊಸಬರು ಯಾರಾದರೂ ಸಿಕ್ಕರೆ ಇದೇ ಕಥೆ. ಕೊನೆಯ ಸಾಲು ಮಾತ್ರ ಅವಳದು.

"ನೋಡ್ದೇನೇ ಒಪ್ಕೊಂಡೋಳು ನಾನು. ಆಮೇಲೆ ನೋಡಿ ಏನ್ಮಾಡೋದು."

ಎಲ್ಲರೂ ನಗುತ್ತಿದ್ದರು. ಆ ಕಥೆಯನ್ನು ಅಷ್ಟು ಸಲ ಹೇಳಿದ ನನಗೇ ಅದು ಅರ್ಥವಾಗಿರಲಿಲ್ಲ.

ಹಡಗುಗಳು ಮತ್ತೆ ಶುರುವಾದ ಮೇಲೆ, ದೇವಸ್ಥಾನದ ನಮ್ಮ ಗುಂಪಿನ ಇನ್ನೆರಡು ಸಂಸಾರಗಳ ಜೊತೆ ಮೊದಲ ಪ್ರಯಾಣ ಹೊರಟೆವು. ಹಡಗು ಫ್ಲಾರಿಡಾದಿಂದ. ನಾವಿಬ್ಬರು ಕಾರಿನಲ್ಲೇ ಹೊರಟು, ದಾರಿಯಲ್ಲಿ ಫೋರ್ಟ್ ಮಿಲ್‌ನಲ್ಲಿರುವ ಮಗಳ ಮನೆಯಲ್ಲಿ ಒಂದು ದಿನ ಇದ್ದು ಮುಂದೆ ಹೋದೆವು. ಡಿಕ್ಕಿಯಲ್ಲಿ ಹೆಂಡತಿಯ ಚಕ್ಕುಲಿ ಡಬ್ಬಿ, ನೀರಿನೊಳಗೆ ನೋಡಲು ನನ್ನ ಮಾಸ್ಕುಗಳ ಪೆಟ್ಟಿಗೆ. ಎಲ್ಲರಿಗೂ ಆಗುವ ಒಂದೇ ಅಳತೆಯ ಮಾಸ್ಕುಗಳ ಸೆಟ್ ನಾನೇ ತಂದಿದ್ದೆ. ಕಣ್ಣು ಮೂಗು ಮುಚ್ಚುವ ಗಾಜು, ಬಾಯಲ್ಲಿ ಕಚ್ಚುವ ಕೊಳವೆ, ಮುಖ ನೀರಿನಲ್ಲಿಟ್ಟು ಮೇಲೆ ಮೇಲೆ ತೇಲಿದರೆ ಸಾಕು, ಈಜು ಬರಬೇಕೆಂದೂ ಇಲ್ಲ ಎಂದು ಎಲ್ಲರಿಗೂ ಪಾಠ ಮಾಡಿದೆ.

ಮೂರನೆಯ ಬಂದರು ರೊಆಟಾನ್ ದ್ವೀಪ. ಟ್ಯಾಕ್ಸಿ, ಗಾಳಿ, ನೀರು, ಎಲ್ಲ ನನ್ನ ಲೆಕ್ಕದಂತೆಯೇ ಇದ್ದವು. ಸೊಂಟದ ಮಟ್ಟದ ನೀರಿನಲ್ಲಿ ಹೆಂಡತಿಯನ್ನು ನಿಲ್ಲಿಸಿಕೊಂಡು, ಕನ್ನಡಕ ಇದ್ದರೆ ಮಾಸ್ಕಿನೊಳಗೆ ನೀರು ಬರುತ್ತದೆ ಎಂದು ನಾನೇ ಅವಳ ಮುಖದಿಂದ ಕನ್ನಡಕ ತೆಗೆದೆ. ದಡಕ್ಕೆ ಹೋಗಿ ಟವೆಲಿನೊಳಗೆ ಸುತ್ತಿಟ್ಟು ಬಂದೆ. ಲೈಫ್ ಜಾಕೆಟ್ಟಿನ ಪಟ್ಟಿ ಬಿಗಿದು, ಮಾಸ್ಕ್ ಕಟ್ಟಿ, ಕೈ ಹಿಡಿದು ಕರೆದೊಯ್ದೆ. ಕೆಳಗೆ ಮಿದುಳಿನ ಸುರುಳಿಯಂತಿದ್ದ ಹವಳದ ಗುಂಡುಗಳು, ಅಲೆಗೆ ತೂಗುವ ನೇರಳೆ ಹವಳದ ಬೀಸಣಿಗೆಗಳು, ಹಸಿರು ಗುಲಾಬಿ ಬಣ್ಣದ ಗಿಳಿಮೀನುಗಳ ಹಿಂಡು. ಎರಡು ವರ್ಷ ಪರದೆಯ ಮೇಲೆ ಕಪ್ಪು ತೇಪೆಯಾಗಿದ್ದದ್ದು ಹೀಗೆ ಬಾಯಿ ತೆರೆದು ನಿಂತಿತ್ತು. ತಲೆ ಎತ್ತಿಸಿ, ನೋಡಿದೆಯಾ ಎಂದು ಕೇಳಿದೆ. ಕೊಳವೆ ತೆಗೆದು ಅವಳು ಹೇಳಿದಳು.

"ನೋಡ್ದೆ. ತುಂಬಾ ಚೆನ್ನಾಗಿದೆ."

ಅಷ್ಟರಲ್ಲಿ ಯಾರೋ ಆಮೆ ಎಂದರು. ನಾನು ಅವಳ ಕೈ ಬಿಟ್ಟು ಆಮೆಯ ಹಿಂದೆ ಹೋದೆ. ವಾಪಸ್ ಬಂದಾಗ ಅವಳು ದಡದಲ್ಲಿ, ಒದ್ದೆ ಕೂದಲು ಹಿಂಡಿಕೊಳ್ಳುತ್ತ, ಕನ್ನಡಕ ಹಾಕಿಕೊಂಡು ಎಲ್ಲರ ಬಟ್ಟೆಗಳ ನಡುವೆ ಕುಳಿತಿದ್ದಳು.

ಅಂದು ಸಂಜೆ ಹಡಗಿನ ಊಟದ ಮೇಜಿನಲ್ಲಿ ಒಬ್ಬೊಬ್ಬರೂ ತಾವು ಕಂಡದ್ದನ್ನು ಹೇಳಿಕೊಳ್ಳುತ್ತಿದ್ದರು. ಅವಳ ಸರದಿ ಬಂತು. ನೀರಿನೊಳಗೆ ಯಾರೋ ಹುರಿಗಡಲೆ ಜಗಿಯುವಂಥ ಸದ್ದು ಕೇಳಿಸುತ್ತಿತ್ತು, ಎಷ್ಟು ಚೆನ್ನಾಗಿತ್ತು ಎಂದಳು. ಗಿಳಿಮೀನುಗಳು ಹವಳ ಕಡಿಯುವ ಸದ್ದು ಅದು. ನನಗೆ ರೇಗಿತು. ಎರಡು ವರ್ಷ ಹುಡುಕಿ ಪ್ರಪಂಚದ ಅಷ್ಟು ಬಣ್ಣವನ್ನು ಇವಳ ಕಾಲಡಿ ತಂದು ಹಾಸಿದರೆ ಇವಳಿಗೆ ಸಿಕ್ಕಿದ್ದು ಹುರಿಗಡಲೆ.

"ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ," ಅಂದೆ.

ತಮಾಷೆಗೇ ಅಂದದ್ದು. ಎಲ್ಲರೂ ನಕ್ಕರು. ಅವಳೂ ನಕ್ಕಳು, ನಕ್ಕು ನನ್ನ ತಟ್ಟೆಗೆ ಮೊಸರು ಬಡಿಸಿದಳು.

ಆಮೇಲಿನ ಎರಡು ವರ್ಷಗಳಲ್ಲಿ ಇನ್ನೂ ಮೂರು ಸಲ ಹೋದೆವು. ಪ್ರತಿ ಬಂದರಿನಲ್ಲೂ ಅವಳು ಐದು ನಿಮಿಷ ನೀರಿಗಿಳಿದು, ಚೆನ್ನಾಗಿದೆ ಎಂದು ಹೇಳಿ, ಬಟ್ಟೆ ಕಾಯುತ್ತೇನೆ ನೀವು ಹೋಗಿ ಎಂದು ದಡ ಸೇರುವಳು. ಫೋನುಗಳು, ಪಾಸ್‌ಪೋರ್ಟುಗಳು, ಚಪ್ಪಲಿಗಳು, ಎಲ್ಲದಕ್ಕೂ ಅವಳೇ ಕಾವಲು. ನಾನು ಎರಡು ಗಂಟೆ ತೇಲಿ ಬಂದು, ಚಕ್ಕುಲಿ ಮುರಿಯುತ್ತ, ಏನೇನು ಕಂಡೆ ಎಂದು ಒದರುವೆ. ಅವಳು ಬಿಡಿಸಿ ಬಿಡಿಸಿ ಕೇಳುವಳು. ಆ ನೇರಳೆ ಬೀಸಣಿಗೆ ಎಷ್ಟು ದೊಡ್ಡದು, ಬಾಳೆಲೆಯಷ್ಟಾ, ಮುಟ್ಟಿದರೆ ಮಡಿಸಿಕೊಳ್ಳುತ್ತದಾ. ಇಷ್ಟು ಆಸೆ ಇದ್ದವಳು ಇಳಿದು ನೋಡಬಾರದಾ ಎಂದು ನಾನು ಸಿಡುಕುವೆ. ಒಂದು ಬೇಸಿಗೆ ಸಮುದ್ರವೇ ಕಾದು ಹವಳವೆಲ್ಲ ಸುಣ್ಣ ಬಳಿದಂತೆ ಬಿಳಿಚಿಕೊಂಡಿತ್ತು. ಇದು ಹೀಗೇ ಆದರೆ ಇನ್ನು ಎಷ್ಟು ವರ್ಷ ಇರುತ್ತದೋ, ಈಗ ನೋಡದಿದ್ದರೆ ಮುಂದೆ ಇಲ್ಲ ಎಂದು ಗದರಿದ್ದೂ ಉಂಟು. ಹೋಗುವುದು ಹವಳ ಎಂದೇ ನಾನು ತಿಳಿದಿದ್ದೆ.

ಜನವರಿಯ ಒಂದು ಬೆಳಿಗ್ಗೆ, ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುತ್ತಿರುವಾಗಲೇ ಅವಳು ಅಡುಗೆಮನೆಯಲ್ಲಿ ಕುಸಿದಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೃದಯ ಎಂದರು. ಒಂದು ಪ್ಲಾಸ್ಟಿಕ್ ಚೀಲದಲ್ಲಿ ಅವಳ ಬಳೆ, ಸರ, ಕನ್ನಡಕ ಹಾಕಿ ನನ್ನ ಕೈಗೆ ಕೊಟ್ಟರು. ಅದರ ಗಾಜಿನ ಮೇಲೆ ಒಗ್ಗರಣೆಯ ಎಣ್ಣೆಯ ಸಣ್ಣ ಹನಿ ಇತ್ತು. ನಾನು ಅದನ್ನು ಒರೆಸಲಿಲ್ಲ.

ಮಗಳು ಬಂದು ಹದಿನೈದು ದಿನ ಇದ್ದಳು. ಕರ್ಮಗಳು ಮುಗಿಯುವ ಹೊತ್ತಿಗೆ, ತೀರಿಕೊಂಡವರು ಬಳಸುತ್ತಿದ್ದ ಕೊಡೆ, ಚಪ್ಪಲಿ, ಕಂಬಳಿಗಳನ್ನು ದಾನ ಕೊಡುವುದು ವಾಡಿಕೆ ಎಂದು ಪುರೋಹಿತರು ಹೇಳಿದ್ದರು. ಅವಳ ಬೀರು ತೆರೆದು ಒಂದೊಂದೇ ತೆಗೆದಿಡುತ್ತಿದ್ದೆವು. ಹಳೆಯ ಕನ್ನಡಕಗಳೇ ಏಳು ಸಿಕ್ಕವು. ಇವು ಯಾರಿಗೆ ಉಪಯೋಗ, ಈ ನಂಬರ್ ಇನ್ನೊಬ್ಬರಿಗೆ ಎಲ್ಲಿ ಇರುತ್ತದೆ ಎಂದು ನಾನು ಗೊಣಗಿದೆ. ಮಗಳು ಎದ್ದು ತನ್ನ ಕಾರಿಗೆ ಹೋಗಿ, ಒಂದು ಡಬ್ಬಿ ತಂದು ನನ್ನ ಮುಂದೆ ಇಟ್ಟಳು. ಒಳಗಿದ್ದದ್ದು ಒಂದು ಮಾಸ್ಕ್. ಗಾಜು ದಪ್ಪ. ಅಂಚಿನಲ್ಲಿ ಹೆಂಡತಿಯ ಕಣ್ಣಿನ ನಂಬರ್ ಬರೆದ ಚೀಟಿ.

ಮುಂದಿನ ಪ್ರಯಾಣಕ್ಕೆಂದು ಅಮ್ಮ ಗುಟ್ಟಾಗಿ ಹೇಳಿ ಮಾಡಿಸಿದ್ದು ಎಂದಳು. ಗೈದರ್ಸ್‌ಬರ್ಗಿಗೆ ಬಂದರೆ ನನಗೆ ಗೊತ್ತಾಗಿಬಿಡುತ್ತದೆ ಎಂದು ಫೋರ್ಟ್ ಮಿಲ್ ವಿಳಾಸಕ್ಕೆ ತರಿಸಿದ್ದಳಂತೆ. ನನಗೆ ಆಗಲೂ ತಲೆಗೆ ಹೋಗಲಿಲ್ಲ. ಅವಳಿಗೆ ನೀರೆಂದರೆ ಭಯವಲ್ಲವಾ, ಇದು ಯಾಕೆ ಎಂದು ಕೇಳಿದೆ. ಮಗಳು ಮಾಸ್ಕನ್ನು ಡಬ್ಬಿಯಿಂದ ತೆಗೆದು ನನ್ನ ಕೈಗಿಟ್ಟಳು.

"ಭಯ ಅಲ್ಲ ಅಪ್ಪ. ಅಮ್ಮಂಗೆ ಏನೂ ಕಾಣ್ತಾ ಇರ್ಲಿಲ್ಲ. ಗ್ಲಾಸಸ್ ತೆಗೆದ್ರೆ ಅಮ್ಮಂಗೆ ತನ್ನ ಕೈನೇ ಕಾಣಲ್ಲ. ಯು ನೋ ದಟ್."

ಗೊತ್ತಿತ್ತು. ಮೂವತ್ತು ವರ್ಷದಿಂದ ಗೊತ್ತಿತ್ತು. ಬೆಳಿಗ್ಗೆ ಎದ್ದು ಮಂಚದ ಪಕ್ಕ ತಡಕಾಡುವ ಅವಳ ಕೈಗೆ ಕನ್ನಡಕ ಎತ್ತಿಕೊಡುತ್ತಿದ್ದವನು ನಾನೇ. ಒಮ್ಮೆ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಕಣ್ಣು ಊದಿಸಿಕೊಂಡಾಗ ಡಾಕ್ಟರ ಬಳಿ ಕರೆದೊಯ್ದವನೂ ನಾನೇ. ಚಿಕ್ಕಪ್ಪನನ್ನು ಮದುಮಗ ಎಂದುಕೊಂಡ ಕಥೆ ಹೇಳಿ ಊರನ್ನೆಲ್ಲ ನಗಿಸಿದವನೂ ನಾನೇ. ಉಪಗ್ರಹ ಚಿತ್ರದಲ್ಲಿ ಕಪ್ಪು ತೇಪೆ ನೋಡಿ ಹವಳ ಕಂಡುಹಿಡಿಯುವ ಪಂಡಿತನಿಗೆ, ಕೈ ಹಿಡಿದು ನಿಂತ ಹೆಂಡತಿಗೆ ಕಣ್ಣು ಕಾಣುತ್ತಿಲ್ಲ ಎಂಬುದು ಹೊಳೆಯಲಿಲ್ಲ.

ಹೇಳಬಹುದಿತ್ತಲ್ಲ ಎಂದು ಮಗಳ ಮೇಲೆಯೇ ಕೂಗಾಡಿದೆ. ಅವಳು ಅಳುತ್ತ, ಅರ್ಧ ಇಂಗ್ಲಿಷಿನಲ್ಲಿ ಅರ್ಧ ಕನ್ನಡದಲ್ಲಿ, ಅಮ್ಮ ಹೇಳಿದ್ದನ್ನು ಹೇಳಿದಳು. ಅಪ್ಪ ಅಷ್ಟು ಕಷ್ಟಪಟ್ಟು ಹುಡುಕಿದ್ದಾರೆ, ಎಲ್ಲರೂ ಇದ್ದಾರೆ, ಅಲ್ಲಿ ಕಾಣಿಸಲ್ಲ ಅಂದರೆ ಅವರಿಗೆ ಬೇಜಾರಾಗುತ್ತದೆ ಎಂದು ಅಮ್ಮ ಮೊದಲ ದಿನ ಚೆನ್ನಾಗಿದೆ ಅಂದುಬಿಟ್ಟಳಂತೆ. ಅದೇ ಸಂಜೆ ನಾನು ಎಲ್ಲರೆದುರು ಆ ಗಾದೆ ಹೇಳಿದೆ. ಆಮೇಲೆ ನಿಜ ಹೇಳಿದರೆ ಅಷ್ಟು ಜನರೆದುರು ಸಣ್ಣವನಾಗುವವನು ನಾನು, ಅದಕ್ಕೇ ಸುಮ್ಮನಾದಳಂತೆ. ನನ್ನ ಮರ್ಯಾದೆಯನ್ನೂ ಅವಳು ಬಟ್ಟೆಗಳ ಜೊತೆ ದಡದಲ್ಲಿ ಕೂತು ಕಾಯುತ್ತಿದ್ದಳು.

ಕೊಡೆ, ಚಪ್ಪಲಿ, ಕಂಬಳಿ ದಾನ ಹೋದವು. ಮಾಸ್ಕ್ ನನ್ನ ಬಳಿಯೇ ಉಳಿಯಿತು. ಒಂದು ವರ್ಷ ಬೇಸ್‌ಮೆಂಟಿಗೆ ಇಳಿಯುವುದೇ ಕಷ್ಟವಾಯಿತು. ಸಿಟ್ಟು ಅವಳ ಮೇಲೂ ಬರುತ್ತಿತ್ತು. ಒಂದು ಮಾತು, ಒಂದೇ ಒಂದು ಮಾತು ಹೇಳಿದ್ದರೆ ನಾನು ಅರ್ಧ ಅಮೆರಿಕ ಹುಡುಕಿ ಮಾಸ್ಕ್ ತರುತ್ತಿರಲಿಲ್ಲವೇ? ತರುತ್ತಿದ್ದೆ, ಮೊದಲು ಒಂದಿಷ್ಟು ಗೊಣಗಿ. ಅವಳಿಗೆ ಆ ಗೊಣಗಾಟವೂ ಗೊತ್ತಿತ್ತು.

ವರ್ಷಾಬ್ದಿಕ ಕಳೆದ ಮೇಲೆ ಮಗಳೇ ಟಿಕೆಟ್ ಮಾಡಿಸಿದಳು. ನಾವಿಬ್ಬರೇ, ಅದೇ ಫ್ಲಾರಿಡಾದ ಬಂದರು, ಅದೇ ರೊಆಟಾನ್. ಟ್ಯಾಕ್ಸಿಯವನು ಬೇರೆ, ತೀರ ಅದೇ. ಬೆಳಗಿನ ಒಂಬತ್ತು ಗಂಟೆ, ಗಾಳಿ ಇರಲಿಲ್ಲ, ನನ್ನ ಎಲ್ಲ ನಿಯಮಗಳ ಪ್ರಕಾರ ಅತ್ಯುತ್ತಮ ದಿನ. ಬಟ್ಟೆ ಕಾಯಲು ಯಾರೂ ಇಲ್ಲ. ಟವೆಲುಗಳನ್ನು ಒಂದು ಕಲ್ಲಿನ ಕೆಳಗೆ ಒತ್ತಿಟ್ಟು ನೀರಿಗಿಳಿದೆವು.

ಚೀಲದಿಂದ ಹೆಂಡತಿಯ ಮಾಸ್ಕ್ ತೆಗೆದು ನಾನು ಹಾಕಿಕೊಂಡೆ. ಅದರಲ್ಲಿ ನಿಮಗೆ ಏನೂ ಕಾಣಲ್ಲ ಎಂದು ಮಗಳು ತಡೆಯಲು ನೋಡಿದಳು. ಗೊತ್ತು ಎಂದೆ. ನನ್ನ ದೂರದ ನೋಟ ಈ ವಯಸ್ಸಿಗೂ ನೆಟ್ಟಗಿದೆ. ನೆಟ್ಟಗಿರುವ ಕಣ್ಣಿಗೆ ಆ ಗಾಜು ಹಾಕಿದರೆ, ಅವಳ ಕಣ್ಣಿಗೆ ಗಾಜಿಲ್ಲದೆ ಆಗುತ್ತಿದ್ದದ್ದೇ ನನಗೂ ಆಗುತ್ತದೆ. ಮುಖ ನೀರಿಗಿಟ್ಟೆ.

ನೀಲಿ. ಬರೀ ನೀಲಿ, ಕಲಸಿಹೋದ ನೀಲಿ. ಕೆಳಗೆ ಎಲ್ಲೋ ಕಂದು ಕಂದಾದ ಗುಪ್ಪೆಗಳು. ಅವು ಹವಳವೋ ಕಲ್ಲೋ ಮನುಷ್ಯರೋ ಗೊತ್ತಾಗುವಂತಿರಲಿಲ್ಲ. ಕಾಲು ನೆಲಕ್ಕೆ ಸಿಗುತ್ತಿಲ್ಲ. ನನಗೆ ನಿಜವಾಗಿಯೂ ಭಯವಾಯಿತು. ಇಂಥದರಲ್ಲಿ ನಾನು ಅವಳ ಕೈ ಬಿಟ್ಟು ಹೋಗಿದ್ದೆ. ಇಂಥದರಿಂದ ಅವಳು ಒಬ್ಬಳೇ ತಡಕಿಕೊಂಡು ದಡ ಸೇರಿದ್ದಳು. ಹಾಗೆಯೇ ಮುಖ ಎತ್ತದೆ ತೇಲಿದೆ. ಸ್ವಲ್ಪ ಹೊತ್ತಿಗೆ ಕೇಳಿಸಿತು, ಎಡಗಡೆ ಒಂದು, ದೂರದಲ್ಲಿ ಇನ್ನೊಂದು, ಆಮೇಲೆ ಸುತ್ತಲೂ, ಯಾರೋ ಬೊಗಸೆಗಟ್ಟಲೆ ಹುರಿಗಡಲೆ ಜಗಿಯುತ್ತಿರುವ ಸದ್ದು. ಅದಕ್ಕೆ ಮೊದಲು ನಾಲ್ಕು ಪ್ರಯಾಣ ಮಾಡಿದವನು ನಾನು, ಒಂದು ದಿನವೂ ಅದನ್ನು ನಿಂತು ಕೇಳಿರಲಿಲ್ಲ. ಅವಳು ಸರಿಯಾಗಿಯೇ ಹೇಳಿದ್ದಳು.

ಮಗಳು ಭುಜ ಹಿಡಿದು ನನ್ನ ತಲೆ ಎತ್ತಿಸಿದಳು. ನನ್ನ ಎದುರು ಒಂದು ಮುಖ ಇತ್ತು, ಅದು ಯಾರದೆಂದು ಹೇಳುವಂತಿರಲಿಲ್ಲ. ಅಪ್ಪ, ಆರ್ ಯು ಓಕೆ, ಏನಾದರೂ ಕಾಣಿಸಿತಾ ಎಂದು ಕೇಳಿದಳು. ನಾನು ಕೊಳವೆ ತೆಗೆದೆ.

"ನೋಡ್ದೆ," ಅಂದೆ. "ತುಂಬಾ ಚೆನ್ನಾಗಿದೆ."