ಇರ್ಫಾನಾ ತಂಡದ ಕಣ

ಇರ್ಫಾನಾಳ ಕೋಪವನ್ನು ಚಳ್ಳಕೆರೆಯಲ್ಲಿ ಮೊದಲು ಕಂಡವರಲ್ಲಿ ನಾನೂ ಒಬ್ಬ. ಅವಳು ಎಂಟನೆಯ ತರಗತಿಯಲ್ಲಿದ್ದಾಗ, ನಾನು ಮೇಷ್ಟ್ರಾಗಿದ್ದ ಶಾಲೆಯ ಆಟದ ಸಾಮಾನಿನ ಕೋಣೆಯ ಮುಂದೆ ಒಂದು ಗಂಟೆ ಕದಲದೆ ನಿಂತಿದ್ದಳು. ಹುಡುಗರಿಗೆ ಎಂಟು ಹಾಕಿ ಸ್ಟಿಕ್ಕುಗಳನ್ನು ಕೊಟ್ಟು, ಹುಡುಗಿಯರಿಗೆ ಒಂದು ರಬ್ಬರ್ ರಿಂಗನ್ನು ಕೊಟ್ಟಿದ್ದೆವು. ಬೀಗದ ಕೈ ನನ್ನ ಜೇಬಿನಲ್ಲಿತ್ತು. ಅವಳು ಅಳಲಿಲ್ಲ, ಬೇಡಲಿಲ್ಲ. ಆ ಜೇಬನ್ನೇ ನೋಡುತ್ತ ನಿಂತಳು. ಕೊನೆಗೆ ನಾಲ್ಕು ಸ್ಟಿಕ್ಕುಗಳು ಅವಳ ಪಾಲಿಗೆ ಬಂದವು.

ನಾನು ಹೇಳಹೊರಟಿರುವುದು ಅವಳು ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾಗ, ಶೇಂಗಾ ಕೀಳುವ ಕಾಲದಲ್ಲಿ ನಡೆದ ಸಂಗತಿ. ಆಗ ಅವಳು ಕಾಲೇಜಿನ ಹುಡುಗಿಯರ ಹಾಕಿ ತಂಡದ ನಾಯಕಿ. ಹಿಂದಿನ ವರ್ಷ ಅಂತರಕಾಲೇಜು ಪಂದ್ಯದಲ್ಲಿ ತಂಡ ಏಳು ಗೋಲುಗಳಿಂದ ಸೋತು ಬಂದಿತ್ತು. ಇನ್ನೊಮ್ಮೆ ಹೀಗೆ ಕಾಲೇಜಿನ ಮಾನ ಕಳೆದರೆ ತಂಡವನ್ನೇ ಮುಚ್ಚಿಬಿಡುತ್ತೇನೆಂದು ಪ್ರಾಂಶುಪಾಲರು ಅಂದೇ ಹೇಳಿದ್ದರು.

ಮಾನ ಕಳೆದವರು ಯಾರು? ಪಂದ್ಯ ನಡೆಯುವುದು ಕೃತಕ ಹುಲ್ಲಿನ ಹಸಿರು ಹಾಸಿನ ಮೇಲೆ. ಅಲ್ಲಿ ಚೆಂಡು ನೂಲು ಹಿಡಿದಂತೆ ನೇರವಾಗಿ ಬರುತ್ತದೆ. ನಮ್ಮ ಮೈದಾನದಲ್ಲಿ ಬೆಣಚುಕಲ್ಲಿಗೆ ತಾಗಿದ ಚೆಂಡು ಕಪ್ಪೆಯಂತೆ ಮುಖಕ್ಕೆ ನೆಗೆಯುತ್ತದೆ. ಹಲ್ಲು ಮುರಿದೀತೆಂದು ಹೆದರಿದ ಹುಡುಗಿಯರು ಬಗ್ಗಿ ಆಡುವುದನ್ನೇ ಮರೆತಿದ್ದರು. ಮೂರು ವರ್ಷ ಮನವಿ ಬರೆದರೂ ಕಾಲೇಜು ಅಲ್ಲಿಗೆ ಒಂದು ಟ್ರ್ಯಾಕ್ಟರ್ ಮಣ್ಣು ಹೊಡೆಸಲಿಲ್ಲ. ಅದೇ ಮೂರು ವರ್ಷಗಳಲ್ಲಿ ಪ್ರಾಂಶುಪಾಲರ ಕೊಠಡಿಗೆ ಎರಡು ಸಲ ಸುಣ್ಣ ಬಣ್ಣವಾಯಿತು. ಇದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ದೈಹಿಕ ಶಿಕ್ಷಣದ ಮೇಷ್ಟ್ರು ಜಂಬುಲಿಂಗಪ್ಪನವರು ವಾರದಲ್ಲಿ ಮೂರು ದಿನ ಇಲ್ಲಿ, ಮೂರು ದಿನ ಮೊಳಕಾಲ್ಮೂರಿನ ಕಾಲೇಜಿನಲ್ಲಿ ಕೆಲಸ ಮಾಡುತ್ತಿದ್ದರು. ಆಟ ಬಲ್ಲವರು, ಸಜ್ಜನರು. ಆದರೆ ಯಾರಿಗೂ ಎದುರು ಮಾತಾಡಿದವರಲ್ಲ. ಅವರು ಮೊಳಕಾಲ್ಮೂರಿನ ಬಸ್ಸು ಹತ್ತಿದ ದಿನ ತಂಡ ಇರ್ಫಾನಾಳ ಕೈಗೆ ಬರುತ್ತಿತ್ತು. ಬೆಳಗಿನ ಐದೂವರೆಗೆ ಹದಿನಾರು ಹುಡುಗಿಯರೂ ಮೈದಾನದಲ್ಲಿರಬೇಕು. ನನ್ನಿವಾಳದ ರಸ್ತೆಯಲ್ಲಿ ಓಟ, ಆಮೇಲೆ ಇಟ್ಟಿಗೆಗಳ ನಡುವೆ ಬಗ್ಗಿಕೊಂಡೇ ಚೆಂಡು ಸಾಗಿಸುವುದು, ಆಮೇಲೆ ಗೋಡೆಗೆ ನೂರು ಹೊಡೆತ. ತಡವಾಗಿ ಬಂದವಳು ಗೋಲಿನ ಬಲೆಯನ್ನು ಹೊರಬೇಕು. ಬಿರುಕು ಬಿಟ್ಟ ಸ್ಟಿಕ್ಕುಗಳನ್ನು ಅವಳ ತಂದೆ ನೂರ್ ಅಹಮ್ಮದ್ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವ ತಮ್ಮ ಅಂಗಡಿಯಲ್ಲಿ, ಮೋಟಾರಿಗೆ ಸುತ್ತುವ ಬಟ್ಟೆಯ ಪಟ್ಟಿಯನ್ನೇ ಬಿಗಿದು ವಾರ್ನಿಷ್ ಹಚ್ಚಿ ಕೊಡುತ್ತಿದ್ದರು. ಹುಡುಗಿಯರು ಇರ್ಫಾನಾಳಿಗೆ ಕುಕ್ಕರ್ ಎಂದು ಹೆಸರಿಟ್ಟಿದ್ದರು. ಎರಡು ಸೀಟಿ ಆಗೋಯ್ತು ಕಣ್ರೇ, ಓಡ್ರೇ ಎಂದು ಹಿಂದಿನಿಂದ ಪಿಸುಗುಟ್ಟಿ ನಗುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು.

ಮೈದಾನವನ್ನು ಸರಿಪಡಿಸುವ ದಾರಿ ತೋರಿಸಿದವಳು ನನ್ನಿವಾಳದ ತೇಜಶ್ರೀ, ತಂಡದ ಮುಂಚೂಣಿ ಆಟಗಾರ್ತಿ. ಹೊಲದಲ್ಲಿ ಕಣ ಮಾಡುವಂತೆ ಮೈದಾನವನ್ನೂ ಮಾಡಬಹುದಲ್ಲ ಎಂದಳು. ಅವಳ ತಂದೆ ಯರ್ರಪ್ಪ ಕುಂಟೆಯನ್ನೂ, ಕಣದ ಮೇಲೆ ಉರುಳಿಸುವ ರೋಣಗಲ್ಲನ್ನೂ ಟ್ರ್ಯಾಕ್ಟರಿನಲ್ಲಿ ತಂದರು. ಹುಡುಗಿಯರು ಹದಿನೈದು ದಿನ ಕಲ್ಲು ಆರಿಸಿದರು, ನೀರು ಹೊತ್ತರು, ಹೊಟ್ಟು ಚೆಲ್ಲಿದರು. ರಸ್ತೆಯಲ್ಲಿ ಹೋಗುತ್ತಿದ್ದ ಕುರಿಮಂದೆಯೊಂದನ್ನು ಒಳಗೆ ಕರೆಸಿ ಹಸಿ ನೆಲವನ್ನು ತುಳಿಸಿದರು. ಆಮೇಲೆ ರೋಣಗಲ್ಲು ಉರುಳಿತು, ಸಗಣಿಯ ಸಾರಣೆಯಾಯಿತು. ನೆಲ ಅಂಗೈಯಂತಾಯಿತು. ಚೆಂಡು ಮೊದಲ ಸಲ ನೆಗೆಯದೆ ಓಡಿದಾಗ ಗೋಲಿನಲ್ಲಿ ನಿಂತಿದ್ದ ಮೆಹಜಬೀನ್ ಅದನ್ನು ತಡೆಯುವುದನ್ನು ಮರೆತು ನೋಡುತ್ತ ನಿಂತುಬಿಟ್ಟಳಂತೆ.

ಪಂದ್ಯಕ್ಕೆ ಹನ್ನೊಂದು ದಿನವಿರುವಾಗ, ಒಂದು ಸೋಮವಾರ ಬೆಳಿಗ್ಗೆ ಹುಡುಗಿಯರು ಬಂದು ನೋಡಿದರೆ ಮೈದಾನದ ತುಂಬ ಶೇಂಗಾ ಹರವಿತ್ತು. ನನ್ನಿವಾಳದ ಪಾತಣ್ಣನ ಶೇಂಗಾ. ಅವರು ಅನುಕೂಲಸ್ಥರು, ಕಾಲೇಜಿನ ಸಮಿತಿಯಲ್ಲಿಯೂ ಇದ್ದರು. ಸ್ವಂತ ಕಣವಿತ್ತು, ಅದರ ತುಂಬ ಈರುಳ್ಳಿ ಹಾಕಿಕೊಂಡಿದ್ದರು. ಶೇಂಗಾ ಹಾಕಲು ಅವರು ಪ್ರಾಂಶುಪಾಲರನ್ನು ಕೇಳಿರಲಿಲ್ಲ. ಕಣ ಮಾಡಿದವನನ್ನು ಕೇಳಿದರೆ ಸಾಕೆಂಬುದು ಹಳ್ಳಿಯ ರೂಢಿ. ಯರ್ರಪ್ಪನನ್ನು ಕೇಳಿದರು, ಯರ್ರಪ್ಪ ಹೂಂ ಎಂದುಬಿಟ್ಟರು.

ಅಂದು ಜಂಬುಲಿಂಗಪ್ಪನವರ ಮೊಳಕಾಲ್ಮೂರಿನ ದಿನ. ಫೋನಿನಲ್ಲಿ ಅವರು ಸಮಾಧಾನ ಮಾಡ್ಕೊಳವ್ವ ಎಂದರು. ಇರ್ಫಾನಾ ಫೋನು ಇಟ್ಟುಬಿಟ್ಟಳು. ಯರ್ರಪ್ಪ ಬೇಲಿಯ ಬಳಿ ನಿಂತಿದ್ದರು.

"ಕಣಕ್ಕೆ ಬಂದೋರಿಗೆ ಇಲ್ಲ ಅನ್ನಾಕಾಗಲ್ಲ ಕಣವ್ವ. ನಮ್ಮಪ್ಪನೂ ಅಂದೋನಲ್ಲ."

"ಮಾಡಿದೋರ ರಾಶಿ ಏಳೋ ಮುಂಚೆ ಬೇರೆಯೋರು ಹರವಬಹುದಾ ಮಾಮ?"

"ಇಲ್ಲವ್ವ. ಮಾಡಿದೋರ್ದು ಮೊದಲು."

"ಕಲ್ಲು ಆರಿಸಿದ್ದು ನಾವು, ನೀರು ಹೊತ್ತಿದ್ದು ನಾವು. ನಮ್ಮ ರಾಶಿ ಇನ್ನೂ ಹನ್ನೊಂದು ದಿನ ಐತೆ. ನೀವು ಯಾರ ಕಣಕ್ಕೆ ಹೂಂ ಅಂದ್ರಿ?"

ಯರ್ರಪ್ಪ ತಲೆಯ ವಸ್ತ್ರವನ್ನು ತೆಗೆದು ಹೆಗಲಿಗೆ ಹಾಕಿಕೊಂಡರು.

ಇರ್ಫಾನಾ ಚೀಲ ತರಿಸಿದಳು. ಹುಡುಗಿಯರು ಚಪ್ಪಲಿ ಕಳಚಿ ಕಣಕ್ಕಿಳಿದು, ಶೇಂಗಾವನ್ನು ಗುಡಿಸಿ ತುಂಬತೊಡಗಿದರು. ಆಗ ತೇಜಶ್ರೀ ಅವಳ ತೋಳು ಹಿಡಿದು, ಹಸಿ ಐತೆ ಕಣೇ, ಹಿಂಗೆ ಚೀಲಕ್ಕೆ ತುಂಬಬಾರದು, ಬೂಷ್ಟು ಬರುತ್ತೆ ಎಂದಳು. ಇರ್ಫಾನಾ ತೋಳು ಕೊಡವಿಕೊಂಡು, ನಿನಗೆ ನಿಮ್ಮೂರೋರ ಶೇಂಗಾ ಹೆಚ್ಚಾದರೆ ನೀನೂ ಅದರ ಜೊತೆ ಮನೆಗೆ ಹೋಗು ಎಂದಳು. ತೇಜಶ್ರೀಯೂ ಒಂದು ಚೀಲ ಹಿಡಿದು ತುಂಬಿದಳು. ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತಾರು ಚೀಲಗಳು ಪ್ರಾಂಶುಪಾಲರ ಕೊಠಡಿಯ ಬಾಗಿಲಿಗೆ ಒತ್ತಿಕೊಂಡು ಜಗುಲಿಯಲ್ಲಿ ನಿಂತವು. ಪ್ರಾಂಶುಪಾಲರು ಊಟಕ್ಕೆ ಹೋಗಬೇಕಾದರೆ ಅಡ್ಡಡ್ಡ ನಡೆಯಬೇಕಾಯಿತು.

ಅವರ ಕೋಪ ಹೇಳತೀರದು. ಶೇಂಗಾಕ್ಕೆ ಅನುಮತಿ ಕೊಟ್ಟವನೇ ತಾನು ಎಂದು ಆಗ ಹೊಸದಾಗಿ ಹೇಳಿದರು. ನಾಯಕಿ ತಮಗೆ ಕ್ಷಮಾಪಣೆ ಬರೆದುಕೊಡುವ ತನಕ ಪಂದ್ಯದ ಪ್ರವೇಶ ಪತ್ರಕ್ಕೆ ಸಹಿ ಇಲ್ಲ ಎಂದರು. ಪತ್ರ ಕಳಿಸಲು ಗುರುವಾರವೇ ಕೊನೆಯ ದಿನ.

ಇರ್ಫಾನಾ ಬರೆಯುವುದಿಲ್ಲ ಎಂದಳು. ಎರಡು ಸಾಲು ಗೀಚಿ ಬಿಸಾಕೇ ಎಂದು ಹುಡುಗಿಯರು ಅಂಗಲಾಚಿದರೂ ಜಗ್ಗಲಿಲ್ಲ. ಮಂಗಳವಾರ ಮೋಡ ಮುಸುಕಿತು. ಬುಧವಾರ ಪಾತಣ್ಣ ಬಂದು ಜಗುಲಿಯಲ್ಲಿ ಒಂದು ಚೀಲವನ್ನು ಬಿಚ್ಚಿದರು. ಕೂಗಾಡಲಿಲ್ಲ. ಒಂದು ಬೊಗಸೆ ತೆಗೆದು ಇರ್ಫಾನಾಳ ಮುಂದೆ ಹಿಡಿದರು. ಕಾಯಿ ಕಪ್ಪಾಗಿ ಬೆಚ್ಚಗಿತ್ತು. ಮುಗ್ಗಲು ವಾಸನೆ ಹೊಡೆಯುತ್ತಿತ್ತು. ಏಳು ಚೀಲ ಹಾಗಾಗಿತ್ತು.

ಅಂದು ಸಂಜೆ ಅವಳು ಅಂಗಡಿಯಲ್ಲಿ ತಂದೆಯ ಮುಂದೆ ಕುಳಿತು ಪ್ರಾಂಶುಪಾಲರನ್ನು ಬೈದಳು, ಪಾತಣ್ಣನನ್ನು ಬೈದಳು, ಯರ್ರಪ್ಪನನ್ನೂ ಬೈದಳು. ನೂರ್ ಅಹಮ್ಮದ್ ತಂತಿ ಸುತ್ತುವುದನ್ನು ನಿಲ್ಲಿಸದೆ ಎಲ್ಲವನ್ನೂ ಕೇಳಿದರು. ಕೊನೆಗೆ, ಹಸಿ ಐತೆ ಅಂತ ನಿನಗೆ ಯಾರೂ ಹೇಳಲಿಲ್ಲವಾ ಎಂದು ಮಾತ್ರ ಕೇಳಿದರು. ಅವಳು ಎದ್ದು ಮನೆಗೆ ಹೋದಳು.

ಗುರುವಾರ ಅವಳು ಬರೆದು ತಂದ ಪತ್ರ ಪ್ರಾಂಶುಪಾಲರಿಗಲ್ಲ, ಪಾತಣ್ಣನಿಗೆ. "ಶೇಂಗಾವನ್ನು ಮೈದಾನದಿಂದ ತೆಗೆದದ್ದು ತಪ್ಪಲ್ಲ. ಹಸಿಯದನ್ನು ಚೀಲಕ್ಕೆ ತುಂಬಿಸಿದ್ದು ತಪ್ಪು. ತೇಜಶ್ರೀ ಹೇಳಿದಳು, ನಾನು ಕೇಳಲಿಲ್ಲ. ಆ ತಪ್ಪು ನನ್ನೊಬ್ಬಳದೇ, ಕ್ಷಮಿಸಿ." ಅದನ್ನು ತಂಡದ ಮುಂದೆ ಗಟ್ಟಿಯಾಗಿ ಓದಿದಳು. ತೇಜಶ್ರೀ ಕೇಳಿಸದವಳಂತೆ ಬೂಟಿನ ದಾರ ಕಟ್ಟುತ್ತಿದ್ದಳು; ಒಂದೇ ಬೂಟಿಗೆ ಮೂರು ಸಲ ಕಟ್ಟಿದಳು.

ಈ ಪತ್ರ ನಡೆಯುವುದಿಲ್ಲ, ತಮ್ಮ ಹೆಸರಿಗೆ ಬರೆಯಬೇಕು ಎಂದರು ಪ್ರಾಂಶುಪಾಲರು. ಆಗ ಯಾರೂ ಎಣಿಸದಿದ್ದ ಸಂಗತಿ ನಡೆಯಿತು. ಮೊಳಕಾಲ್ಮೂರಿಗೆ ಹೋಗಬೇಕಾಗಿದ್ದ ಜಂಬುಲಿಂಗಪ್ಪನವರು ಬಸ್ಸು ಹತ್ತದೆ ಬಂದು, ಪ್ರವೇಶ ಪತ್ರವನ್ನು ಮೇಜಿನ ಮೇಲೆ ಬಿಡಿಸಿಟ್ಟರು.

"ಸಹಿ ಹಾಕ್ರಿ ಸಾರ್. ಇಲ್ಲಾಂದ್ರೆ ಹೊರಗೆ ಹದಿನಾರು ಜನ ನಿಂತವ್ರೆ, ಹೋಗಲ್ಲ ಅಂತ ನೀವೇ ಹೇಳ್ರಿ. ನಾನು ಹೇಳಲ್ಲ."

ಪ್ರಾಂಶುಪಾಲರು ಕಿಟಕಿಯತ್ತ ನೋಡಿದರು. ಹದಿನಾರು ಹುಡುಗಿಯರ ಜೊತೆ ಯರ್ರಪ್ಪನೂ, ಅವರ ಪಕ್ಕದಲ್ಲಿ ಇರ್ಫಾನಾಳ ಪತ್ರ ಹಿಡಿದು, ಮುಖ ಗಂಟಿಕ್ಕಿಕೊಂಡು ಪಾತಣ್ಣನೂ ನಿಂತಿದ್ದರು. ಸಹಿ ಬಿತ್ತು.

ತಂಡ ಮೊದಲ ಪಂದ್ಯವನ್ನು ಗೆದ್ದಿತು. ಎರಡನೆಯದನ್ನು ಒಂದಕ್ಕೆ ಎರಡು ಗೋಲುಗಳಿಂದ ಸೋತಿತು. ನಮ್ಮ ಒಂದು ಗೋಲು ತೇಜಶ್ರೀಯದು. ಹಿಂದಿರುಗಿದಾಗ ಸೋಲು ಸೋಲೇ ಎಂದರು ಪ್ರಾಂಶುಪಾಲರು. ಆ ಮಾತನ್ನು ನನಗೆ ಹೇಳುವಾಗ ಇರ್ಫಾನಾಳ ಮೂಗಿನ ಹೊಳ್ಳೆಗಳು ಅರಳಿದ್ದವು. ಅವಳ ಸಿಟ್ಟು ಅವರ ಮೇಲಷ್ಟೇ ಅಲ್ಲ. ಎದುರಾಳಿಗಳ ಎರಡನೆಯ ಗೋಲನ್ನು ತಡೆಯಲು ತಾನು ಒಂದು ಹೆಜ್ಜೆ ತಡ ಮಾಡಿದೆ ಎಂದು ತನ್ನ ಮೇಲೂ ಇತ್ತು.

ತಂಡ ಮುಚ್ಚಲಿಲ್ಲ. ಈ ವರ್ಷ ಕಾಲೇಜು ತೆರೆದ ಮೊದಲ ವಾರವೇ ಜಂಬುಲಿಂಗಪ್ಪನವರು ಯಾರ ಅಪ್ಪಣೆಯನ್ನೂ ಕೇಳದೆ ಹಾಕಿ ತಂಡದ ಆಯ್ಕೆಯ ಪ್ರಕಟಣೆಯನ್ನು ಅಂಟಿಸಿದರು. ಇರ್ಫಾನಾಳ ಓದು ಮುಗಿದಿದೆ. ಆದರೂ ಮೇಷ್ಟ್ರು ಮೊಳಕಾಲ್ಮೂರಿನಲ್ಲಿರುವ ದಿನಗಳಲ್ಲಿ ಐದೂವರೆಗೆ ಮೈದಾನಕ್ಕೆ ಹೋಗುತ್ತಾಳೆ. ಮೊನ್ನೆ ನಾನು ಬೆಳಗಿನ ತಿರುಗಾಟಕ್ಕೆ ಆ ದಾರಿಯಲ್ಲಿ ಹೋದಾಗ ಹೊಸಬಳೊಬ್ಬಳು ಸ್ಟಿಕ್ಕು ಹಿಡಿದು ಅವಳ ಮುಖವನ್ನೇ ನೋಡುತ್ತ ನಿಂತಿದ್ದಳು.

"ಬಾಲ್ ನೋಡೇ. ನನ್ನ ಮುಖದಾಗೆ ಏನೈತೆ?"